ಹೆಂಗೈತೆ ಅಂತ ಕೇಳಬಾರದಿತ್ತು

ಚಳ್ಳಕೆರೆಯ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ತಿಥಿ ಕಾರ್ಡು, ಎಣ್ಣೆ ಮಿಲ್ಲುಗಳ ಬಿಲ್ ಪುಸ್ತಕ, ಇವುಗಳ ಜೊತೆಗೆ ಚಳ್ಳಕೆರೆ ಮತ್ತು ಮೊಳಕಾಲ್ಮೂರು ಎರಡೂ ತಾಲ್ಲೂಕಿನ ಕವಿಗಳ ಪುಸ್ತಕಗಳೂ ನನ್ನ ಕೈಯಲ್ಲೇ ಟೈಪಾಗುತ್ತವೆ. ಬಿಡುವಾದಾಗ ನಾನೂ ಕಥೆ ಬರೆಯುತ್ತೇನೆ. ಹಾಗಾಗಿ 'ಹೆಂಗೈತೆ?' ಅನ್ನುವ ಪ್ರಶ್ನೆಯನ್ನು ನಾನು ಬೇರೆಯವರಿಂದ ಕೇಳಿಸಿಕೊಂಡು ಕೆಟ್ಟಿದ್ದೇನೆ, ಬೇರೆಯವರನ್ನು ಕೇಳಿಯೂ ಕೆಟ್ಟಿದ್ದೇನೆ. ಇಪ್ಪತ್ತು ವರ್ಷದಲ್ಲಿ ಆ ಪ್ರಶ್ನೆಗೆ ಬಂದ ಉತ್ತರದಿಂದ ಯಾರಿಗೂ ಒಳ್ಳೆಯದಾಗಿದ್ದು ನನಗೆ ನೆನಪಿಲ್ಲ. ಆದರೂ ತಿಂಗಳಿಗೊಂದು ಸಲ ಯಾರಾದರೂ ಕೇಳುತ್ತಾರೆ. ಯಾರೂ ಕೇಳದಿದ್ದರೆ ನಾನೇ ಕೇಳುತ್ತೇನೆ.

೧. ಚಂದಿರ

ಮೊಳಕಾಲ್ಮೂರಿನಲ್ಲಿ ನನಗೆ ಕನ್ನಡ ಕಲಿಸಿದ ಮೇಷ್ಟ್ರು ರಿಟೈರಾದ ಮೇಲೆ ಪದ್ಯ ಬರೆಯಲು ಕೂತರು. ಒಂದು ದಿನ ಬೆಳಗಿನ ಬಸ್ಸಿಗೆ ಬಂದು ಇನ್ನೂರು ಪದ್ಯಗಳ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟರು.

"ಟೈಪು ಆಮೇಲೆ ಮಾಡುವಂತೆ. ಮೊದಲು ಓದಿ ಹೆಂಗೈತೆ ಹೇಳು. ಮೇಷ್ಟ್ರು ಅಂತ ಮುಲಾಜು ನೋಡಬೇಡ," ಅಂದರು.

ಒತ್ತಕ್ಷರ ತಪ್ಪಿದರೆ ಕಿವಿ ಹಿಂಡುತ್ತಿದ್ದ ಮನುಷ್ಯ ನನ್ನ ಅಭಿಪ್ರಾಯ ಕೇಳುತ್ತಿದ್ದಾರಲ್ಲ ಅಂತ ನನಗೆ ಹೆಮ್ಮೆಯಾಯಿತು. ಒಂದು ವಾರ ಕೂತು ಓದಿದೆ. ಪ್ರೇಮದ ಪದ್ಯದಲ್ಲಿ ಚಂದಿರ ಇದ್ದ, ಸರಿ. ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಚಂದಿರ ಇದ್ದ, ಅದೂ ಸರಿ. ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನದ ಪಕ್ಕ ನಿಂತಿದ್ದ. ಶೇಂಗಾ ಬಿಡಿಸುವ ಪದ್ಯದಲ್ಲಿ, ಮಟಮಟ ಮಧ್ಯಾಹ್ನ, ಅಲ್ಲಿಗೂ ಬಂದಿದ್ದ.

ಮೇಷ್ಟ್ರು ಮತ್ತೆ ಬಂದಾಗ ನಾನು ಆದಷ್ಟು ಮೆತ್ತಗೆ ಹೇಳಿದೆ. "ಸಾರ್, ಚಂದಿರ ಸ್ವಲ್ಪ ಜಾಸ್ತಿಯಾಗಿದಾನೆ."

ಅವರು ಕಟ್ಟನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, "ಬಸ್ಸಿಗೆ ಹೊತ್ತಾಯ್ತು," ಅಂತ ಎದ್ದರು. ಆಮೇಲೆ ಮೂರು ತಿಂಗಳು ನನ್ನ ಫೋನ್ ಎತ್ತಲಿಲ್ಲ. ಒಂದು ಮದುವೆಯಲ್ಲಿ ನಾನು ಊಟಕ್ಕೆ ಕೂತ ಪಂಕ್ತಿಯಿಂದ ಎದ್ದು ಆಚೆ ಪಂಕ್ತಿಗೆ ಹೋಗಿ ಕೂತರು. ಅಕ್ಷರ ಕಲಿಸಿದವರು ಎಲೆ ಬಿಟ್ಟು ಎದ್ದು ಹೋಗಿದ್ದು ನೋಡಿ ನಾನೂ ಪಾಯಸಕ್ಕೆ ಕಾಯದೆ ಎದ್ದುಬಿಟ್ಟೆ.

ನಾಲ್ಕನೇ ತಿಂಗಳು ತಾವಾಗಿಯೇ ಬಂದರು. ಮುಖ ಅರಳಿತ್ತು.

"ನೀನು ಹೇಳಿದ್ದು ಯೋಚನೆ ಮಾಡಿದೆ ಕಣಯ್ಯಾ. ನಿಜ ಹೇಳಿದಾನೆ ಅನ್ನಿಸ್ತು. ಕೂತು ಎಲ್ಲಾ ತಿದ್ದಿದೀನಿ. ಈಗ ಹುಡುಕಿದ್ರೂ ಒಂದು ಚಂದಿರ ಸಿಗಲ್ಲ ನಿಂಗೆ."

ಕಟ್ಟು ಬಿಚ್ಚಿದೆ. ಬೆಟ್ಟದ ಮೇಲೆ ಶಶಿ. ಅಶೋಕನ ಪಕ್ಕ ಶಶಿ. ಶೇಂಗಾ ಹೊಲದಲ್ಲಿ, ಮಟಮಟ ಮಧ್ಯಾಹ್ನ, ಶಶಿ.

"ಈಗ ಹೆಂಗೈತೆ?"

"ಬಹಳ ಚೆನ್ನಾಗೈತೆ ಸಾರ್," ಅಂದೆ. ಆ ಸುಳ್ಳು ಹೇಳುವಾಗ ನನಗೆ ನಾಚಿಕೆಯೂ ಆಗಲಿಲ್ಲ.

ಪುಸ್ತಕ ಬಂತು. ಹದಿನೈದು ದಿನ ಬಿಟ್ಟು ಮೇಷ್ಟ್ರ ಹೆಂಡತಿ ಫೋನ್ ಮಾಡಿದರು. ದನಿ ಸಣ್ಣಗಿತ್ತು. "ಟೈಪ್ ಮಾಡಿದ್ದು ನೀನೇ ತಾನೇ? ನಿಜ ಹೇಳಪ್ಪಾ. ಯಾರು ಆ ಶಶಿ?"

೨. ಗಂಗಮ್ಮ

ಹತ್ತು ಕಥೆ ಸೇರಿಸಿ ನಾನೂ ಒಂದು ಪುಸ್ತಕ ಮಾಡಿದೆ. ಅದರ ಬಗ್ಗೆ ಮಾತಾಡಲು ಜಿಲ್ಲಾ ಕೇಂದ್ರದಿಂದ ಒಬ್ಬ ವಿಮರ್ಶಕರನ್ನು ಕರೆಸಿದೆ. ಒಂದು ತಿಂಗಳು ಮೊದಲೇ ಅವರ ಮನೆಗೆ ಹೋಗಿ ಪುಸ್ತಕ ಕೊಟ್ಟು ಬಂದಿದ್ದೆ.

ಅವರು ಮುಕ್ಕಾಲು ಗಂಟೆ ಮಾತಾಡಿದರು. ಅದರಲ್ಲಿ ಅರ್ಧ ಗಂಟೆ ಗಂಗಮ್ಮನ ಬಗ್ಗೆ. "ಈ ಗಂಗಮ್ಮ ಇಡೀ ಬಯಲುಸೀಮೆಯ ಹೆಣ್ಣಿನ ದನಿ," ಅಂದರು. "ಕೊನೆಗೆ ಆಕೆ ಮನೆ ಬಿಟ್ಟು ಹೊರಡುವ ದೃಶ್ಯ ಓದಿ ಒಂದು ವಾರ ಬೇರೇನೂ ಓದಲಾಗಲಿಲ್ಲ," ಅಂದರು. ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿದ್ದ ನನ್ನ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ನನ್ನ ಪುಸ್ತಕದಲ್ಲಿ ಗಂಗಮ್ಮ ಇಲ್ಲ. ಆದರೂ ಆ ಮನುಷ್ಯ ಹೇಳಿದ ಧಾಟಿಗೆ ನನಗೇ ಅನುಮಾನ ಬಂತು. ವೇದಿಕೆಯ ಮೇಲೆ ಕೂತೇ ಸದ್ದಾಗದಂತೆ ಹತ್ತೂ ಕಥೆ ತಿರುವಿ ಹಾಕಿದೆ. ಇಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅವರಿಗೆ ಹೊದಿಸಿದ್ದ ಕಂಬಳಿಯನ್ನು ಮಡಿಸಿ ಕೊಡುತ್ತಾ ಮೆಲ್ಲಗೆ ಹೇಳಿದೆ. "ಸಾರ್, ಗಂಗಮ್ಮ ಅನ್ನೋರು ನನ್ನ ಯಾವ ಕಥೇಲೂ ಇಲ್ಲ."

ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಅಂದರು. "ಸಭೆಯಲ್ಲಿ ಹೇಳಬಾರದು ಅಂತ ಸುಮ್ಮನಿದ್ದೆ. ಅದೇ ನಿಮ್ಮ ಪುಸ್ತಕದ ದೊಡ್ಡ ಕೊರತೆ."

ಮಾರನೇ ದಿನ ಪೇಪರಿನಲ್ಲಿ ಗಂಗಮ್ಮನ ಹೆಸರು ನನ್ನ ಹೆಸರಿಗಿಂತ ದಪ್ಪಕ್ಷರದಲ್ಲಿ ಬಂತು. ಒಬ್ಬ ಓದುಗರು ಅಂಗಡಿಗೇ ಬಂದು ಪುಸ್ತಕ ಕೊಂಡರು. ಎರಡು ದಿನ ಬಿಟ್ಟು ತಂದು ವಾಪಸ್ ಕೊಟ್ಟರು. "ಇದ್ರಲ್ಲಿ ಒಂದು ಕಥೆ ಬಿಟ್ಟೋಗೈತೆ. ಬೇರೆ ಕಾಪಿ ಕೊಡಿ," ಅಂದರು.

೩. ಗ್ರೀಸು

ನನ್ನ ಅಂಗಡಿಯ ಪಕ್ಕದಲ್ಲಿ ಸ್ಕೂಟರ್ ರಿಪೇರಿ ಮಾಡುವ ಸಾಬರಿದ್ದಾರೆ. ಮನೆಯಲ್ಲಿ ಉರ್ದು, ಓದಿದ್ದು ಕನ್ನಡ ಶಾಲೆಯಲ್ಲಿ. ಕೆಲಸವಿಲ್ಲದಾಗ ನನ್ನ ಮೇಜಿನ ಮೇಲೆ ಏನಿದ್ದರೂ ಓದುತ್ತಾರೆ, ತಿಥಿ ಕಾರ್ಡನ್ನೂ ಬಿಡುವುದಿಲ್ಲ. ಅವರಿಗೆ ಹದಿನೆಂಟು ಪುಟದ ಒಂದು ಹೊಸ ಕಥೆ ಕೊಟ್ಟೆ. ಸಂಜೆ ವಾಪಸ್ ತಂದರು.

"ಫಸ್ಟ್ ಕ್ಲಾಸ್ ಐತೆ ಭಾಯ್. ಪೂರ್ತಿ ಓದಿದೆ."

ಹಾಳೆ ತಿರುವಿದೆ. ಒಂದನೇ ಪುಟದ ಮೂಲೆಯಲ್ಲಿ ಹೆಬ್ಬೆರಳಿನ ಗ್ರೀಸು. ಎರಡನೇದರಲ್ಲಿ ಗ್ರೀಸು. ಮೂರು, ನಾಲ್ಕು, ಐದು, ಆರು, ಎಲ್ಲದರಲ್ಲೂ ಇತ್ತು. ಏಳರಿಂದ ಮುಂದಕ್ಕೆ ಹಾಳೆಗಳು ಪ್ರಿಂಟರಿನಿಂದ ಈಗ ತಾನೇ ಬಂದಂತೆ ಬೆಳ್ಳಗಿದ್ದವು.

ನಾನು ತೋರಿಸಿದೆ. "ಸಾಬ್ರೇ, ಇಲ್ಲಿಗೆ ನಿಲ್ಸಿದೀರಾ."

ಅವರು ಹಾಳೆ ನೋಡಿದರು, ತಮ್ಮ ಕೈ ನೋಡಿಕೊಂಡರು. "ಅಲ್ಲಿಂದ ಮುಂದಕ್ಕೆ ಬಹಳ ಚೆನ್ನಾಗಿತ್ತಲ್ಲ ಭಾಯ್," ಅಂದರು. "ಗಲೀಜಾಗಬಾರದು ಅಂತ ಕೈ ತೊಳ್ಕೊಂಡು ಓದ್ದೆ."

ಸಿಟ್ಟು ಬಂತು. ಅವರು ಹೋದ ಮೇಲೆ ಏಳನೇ ಪುಟವನ್ನು ನಾನೇ ಓದಿದೆ, ಆಮೇಲೆ ಎಂಟನೆಯದನ್ನು. ಎಂಟರ ನಡುವೆ ನನಗೇ ಆಕಳಿಕೆ ಬಂತು. ಆರನೇ ಪುಟಕ್ಕೇ ಕಥೆ ಮುಗಿಸಿ ಪತ್ರಿಕೆಗೆ ಕಳಿಸಿದೆ. ಮೂರು ಸಲ ನನ್ನ ಕಥೆ ವಾಪಸ್ ಕಳಿಸಿದ್ದ ಸಂಪಾದಕರು ಈ ಸಲ ಹಾಕಿದರು. ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ಉಪಯೋಗದ ವಿಮರ್ಶೆ ಅದೊಂದೇ. ಅದನ್ನು ಮಾಡಿದವರು ಮಾತ್ರ ಒಪ್ಪಿಕೊಳ್ಳಲಿಲ್ಲ. ಅಚ್ಚಾದ ಪತ್ರಿಕೆ ತೋರಿಸಿದಾಗ ಸಾಬರು ಬೇಜಾರಿನಿಂದ ತಲೆಯಾಡಿಸಿದರು.

"ಎಂಥಾ ಜನ ಇವ್ರು. ಚೆನ್ನಾಗಿದ್ದ ಭಾಗಾನೇ ಕಟ್ ಮಾಡಿ ಹಾಕಿದಾರಲ್ಲ ಭಾಯ್."

೪. ಓಂ ಶಾಂತಿ

ಎರಡೂ ತಾಲ್ಲೂಕಿನ ಬರಹಗಾರರದ್ದು ಒಂದು ವಾಟ್ಸಾಪ್ ಗುಂಪಿದೆ. ಎರಡು ವರ್ಷ ತಿದ್ದಿ ತಿದ್ದಿ ಬರೆದ ಕಥೆಯೊಂದನ್ನು ಒಂದು ಭಾನುವಾರ ಬೆಳಗ್ಗೆ ಅದರಲ್ಲಿ ಹಾಕಿದೆ. ನಾನು ಬರೆದದ್ದರಲ್ಲೆಲ್ಲಾ ಅದೇ ಒಳ್ಳೆಯದು ಅಂತ ನನ್ನ ನಂಬಿಕೆ. ಅದರ ಮೊದಲ ಸಾಲು, 'ಅವ್ವ ಸತ್ತ ದಿನವೂ ನಲ್ಲಿಯಲ್ಲಿ ನೀರು ಬರಲಿಲ್ಲ.'

ಒಂದು ನಿಮಿಷವೂ ಆಗಿರಲಿಲ್ಲ, ಮೊದಲ ಅಭಿಪ್ರಾಯ ಬಂತು. 'ಓಂ ಶಾಂತಿ.' ಅದರ ಹಿಂದೆಯೇ ಇನ್ನೊಂದು ಓಂ ಶಾಂತಿ. ಆಮೇಲೆ ಕೈ ಮುಗಿದ ಚಿತ್ರಗಳು, ದೀಪದ ಚಿತ್ರಗಳು. ಗಾಬರಿಯಾಗಿ 'ಇದು ಕಥೆ' ಅಂತ ಟೈಪ್ ಮಾಡಿದೆ. ಅದಕ್ಕೆ ಒಬ್ಬರು ಉತ್ತರ ಬರೆದರು. 'ನಿಜ ಸರ್, ಎಲ್ಲರ ಬದುಕೂ ಒಂದು ಕಥೆಯೇ. ಧೈರ್ಯ ತಂದುಕೊಳ್ಳಿ.' ಬೇಸತ್ತು ಫೋನ್ ಆಫ್ ಮಾಡಿ ಮಲಗಿಬಿಟ್ಟೆ, ಹನ್ನೊಂದು ಗಂಟೆಗೆ ಎದ್ದು ಸ್ನಾನಕ್ಕೆ ಹೋದೆ.

ನಾನು ಬಚ್ಚಲಲ್ಲಿದ್ದಾಗ ಗುಂಪಿನ ಅಧ್ಯಕ್ಷರು ಇನ್ನೊಬ್ಬ ಕವಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮೊಳಕಾಲ್ಮೂರಿನಿಂದ ಬಂದೇಬಿಟ್ಟರು. ಕೈಯಲ್ಲಿ ಹೂವಿನ ಹಾರ. ಅಂಗಳದಲ್ಲಿ ನಮ್ಮವ್ವ ಮೊರದ ತುಂಬ ಶೇಂಗಾ ಇಟ್ಟುಕೊಂಡು ಸುಲಿಯುತ್ತಾ ಕೂತಿದ್ದಳು. ಅವರಿಬ್ಬರೂ ಅವ್ವನನ್ನು ಮೊದಲು ನೋಡಿದವರಲ್ಲ.

ಅಧ್ಯಕ್ಷರು ದನಿ ತಗ್ಗಿಸಿ ಕೇಳಿದರಂತೆ. "ಅಜ್ಜೀ, ಮಣ್ಣು ಎಷ್ಟೊತ್ತಿಗೆ?"

"ಯಾರ್ದಪ್ಪಾ?"

"ಈ ಮನೆಯವರ ತಾಯೀದು."

"ಅದು ನಾನೇ ಕಣಪ್ಪಾ," ಅಂದಳಂತೆ ಅವ್ವ. "ನಂಗಿನ್ನೂ ಯಾರೂ ಹೇಳಿಲ್ಲ."

ನಾನು ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದಾಗ ಇಬ್ಬರೂ ಹಾರವನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದರು. ಟೀ ಕೊಟ್ಟೆ. ಅಧ್ಯಕ್ಷರು ಲೋಟ ಕೆಳಗಿಟ್ಟು ಹೇಳಿದರು. "ಅದ್ಭುತ ಕಥೆ ಬಿಡ್ರೀ. ಮೊದಲನೇ ಸಾಲಿಗೇ ಕಣ್ಣಲ್ಲಿ ನೀರು ಬಂತು. ಮುಂದಕ್ಕೆ ಓದಕ್ಕೇ ಆಗ್ಲಿಲ್ಲ."

ಹಾರವನ್ನು ದೇವರ ಫೋಟೋಕ್ಕೆ ಹಾಕಿ ಹೋದರು.

ಅವ್ವ ಶೇಂಗಾ ಸುಲಿಯುತ್ತಲೇ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ, "ಅದೇನು ಬರ್ದಿದೀಯೋ ಓದು, ಕೇಳೋಣ," ಅಂದಳು. ಅವ್ವನಿಗೆ ಓದು ಬರುವುದಿಲ್ಲ. ನನ್ನ ಯಾವ ಕಥೆಯನ್ನೂ ಅವಳಿಗೆ ನಾನು ಓದಿ ಹೇಳಿರಲಿಲ್ಲ. 

ಕಥೆಯಲ್ಲಿ ಅವ್ವ ಸತ್ತ ಮೇಲೆ ಮಗ ತನ್ನ ಬಾಲ್ಯ ನೆನೆಯುತ್ತಾನೆ. ಊರಾಚೆಯ ಬಾವಿಯಿಂದ ಅವ್ವ ದಿನಾ ಎಂಟು ಕೊಡ ನೀರು ಹೊರುತ್ತಿದ್ದಳು. ಹನ್ನೆರಡು ವರ್ಷದ ಮಗ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದ. ಸೊಂಟದ ಮೇಲಿನ ಕೊಡ, ಒದ್ದೆಯಾದ ಸೆರಗು, ಒಂದೊಂದು ಸಲ ಬಂದಾಗಲೂ ಗಿಡ್ಡವಾಗುವ ಅವಳ ನೆರಳು, ಮಣ್ಣಿನಲ್ಲಿ ಬಿದ್ದ ಹನಿಗಳ ಸಾಲು. ಇಷ್ಟನ್ನೂ ನಾನು ನಾಲ್ಕು ಪುಟ ಬರೆದಿದ್ದೆ.  ಅವ್ವನ ಕೈ ಮೊರದ ಮೇಲೆ ನಿಂತಿತ್ತು.

ಓದಿ ಮುಗಿಸಿದೆ.  ತಡೆಯಲಾರದೆ ನಾನೇ ಕೇಳಿದೆ. "ಹೆಂಗೈತವ್ವಾ?"

"ಚೆನ್ನಾಗೈತೆ ಕಣಪ್ಪಾ. ಕಣ್ಣಿಗೆ ಕಟ್ಟಿದಂಗೈತೆ. ಆ ನೆರಳು ಗಿಡ್ಡ ಆಗೋದು ನಂಗೂ ಗೊತ್ತಿರ್ಲಿಲ್ಲ." ಒಂದು ಶೇಂಗಾ ಬಿಡಿಸಿ ಸಿಪ್ಪೆ ಪಕ್ಕಕ್ಕೆ ಹಾಕಿದಳು. "ಒಂದು ಮಾತು ಕೇಳ್ಲಾ?"

"ಕೇಳವ್ವಾ."

"ಆ ಹುಡುಗ ಅಷ್ಟೊತ್ತೂ ಹೊಸ್ತಿಲ ಮೇಲೆ ಕುಂತ್ಕಂಡು ಅವ್ವನ್ನ ನೋಡ್ತಾನೇ ಇದ್ನಲ್ಲ. ಎದ್ದು ಒಂದು ಕೊಡ ತರಕ್ಕೆ ಏನಾಗಿತ್ತು ಅವನಿಗೆ?"

 "ಅವ್ವಾ, ಅದು ಕಥೆ," ಅಂದೆ.

"ಅದಕ್ಕೇ ಕೇಳ್ದೆ," ಅಂದಳು ಅವ್ವ. "ನೀನಂತೂ ತರ್ಲಿಲ್ಲ, ಹೋಗ್ಲಿ. ಕಥೇಲಾದ್ರೂ ತರ್ಸಬೋದಿತ್ತಲ್ಲೋ."