ಎಡಗಡೆ ಸೀಟಿನ ಮೇಷ್ಟ್ರು, ಅದುರುವ ಸ್ಟೀರಿಂಗು

ಬೇರೆಯವರಿಗೆ ಫಜೀತಿಗಳು ವರ್ಷಕ್ಕೊಂದು ಸಲ ಆಗುತ್ತವೇನೋ, ನನಗೆ ವಾರಕ್ಕೆ ಎರಡಾದರೂ ಆಗುತ್ತವೆ. ಕಾರಣ ಇಷ್ಟೇ, ಒಂದು ಕಡೆ ಸುಮ್ಮನೆ ಕೂರುವುದು ನನ್ನ ಜಾತಕದಲ್ಲಿ ಬರೆದಿಲ್ಲ. ಆದರೆ ಹೊಟ್ಟೆಪಾಡು ಮಾತ್ರ ಕೂರುವುದೇ. ಕೋಲಾರದಲ್ಲಿ ಹದಿನೆಂಟು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದೇನೆ, ಹದಿನೆಂಟು ವರ್ಷವೂ ಎಡಗಡೆ ಸೀಟಿನಲ್ಲೇ ಕೂತಿದ್ದೇನೆ. ನನ್ನ ಕಾಲ ಬುಡದಲ್ಲಿ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು ಇವೆ. ಸ್ಟೀರಿಂಗ್ ಇಲ್ಲ. ಅದು ಯಾವಾಗಲೂ ಪಕ್ಕದವರ ಕೈಯಲ್ಲಿ, ಅದೂ ಹಿಡಿಯಲು ಬಾರದವರ ಕೈಯಲ್ಲಿ.

ಅದಕ್ಕೇ ಮನೆಯಲ್ಲಿ ಕಂಪ್ಯೂಟರ್ ಮುಂದೆ ರೇಸ್ ಆಡುವುದನ್ನು ಶುರು ಮಾಡಿದೆ. ಪ್ರತಿ ಭಾನುವಾರ ಬೆಳಗ್ಗೆ ಹತ್ತಕ್ಕೆ ನಮ್ಮ ಜಿಲ್ಲೆಯ ಒಂಬತ್ತು ಜನ ಅವರವರ ಮನೆಯಿಂದಲೇ ಸೇರುತ್ತೇವೆ. ಕಿವಿಗೆ ಹೆಡ್‌ಫೋನ್, ಕಣ್ಣೆದುರು ವಿದೇಶದ ರೇಸ್ ರಸ್ತೆ. ನಮ್ಮಲ್ಲಿ ಪ್ರತಿ ವಾರ ಗೆಲ್ಲುವವರು ಮುಳಬಾಗಿಲಿನ ಹೈಸ್ಕೂಲ್ ಗಣಿತದ ಮೇಡಂ. ಪ್ರತಿ ವಾರ ಕೊನೆಗೆ ಬರುವವನು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬಾನೆಟ್ ಮೇಲೆ ಫೋನ್ ನಂಬರ್

ಆಟದ ಕಾರಿಗೆ ನಮಗೆ ಬೇಕಾದ ಬಣ್ಣ, ಬರಹ ಹಾಕಿಕೊಳ್ಳಬಹುದು. ರೇಸ್ ಇಂಟರ್ನೆಟ್‌ನಲ್ಲಿ ನೇರ ಪ್ರಸಾರ ಆಗುತ್ತದೆ, ನಾಲ್ಕು ಜನ ನೋಡುತ್ತಾರೆ, ಪುಕ್ಕಟೆ ಪ್ರಚಾರ ಎಂದುಕೊಂಡು ಬಾನೆಟ್ ಮೇಲೆ ನನ್ನ ಸ್ಕೂಲಿನ ಹೆಸರು, ಫೋನ್ ನಂಬರ್ ಬರೆಸಿದೆ. ಆಗ ನನ್ನ ಕೈಯಲ್ಲಿದ್ದದ್ದು ಬೆರಳಲ್ಲಿ ಒತ್ತುವ ಸಣ್ಣ ಗೇಮ್‌ಪ್ಯಾಡ್. ನಾಲ್ಕು ಭಾನುವಾರ ಸತತವಾಗಿ ಮೊದಲನೇ ತಿರುವಿನಲ್ಲೇ ಕಾರು ಮರಳಿಗೆ ಇಳಿದು ಮಗುಚಿಕೊಂಡಿತು. ಯಾರೋ ಪುಣ್ಯಾತ್ಮ ನಾಲ್ಕನ್ನೂ ಸೇರಿಸಿ ಒಂದು ವಿಡಿಯೋ ಮಾಡಿ ವಾಟ್ಸಾಪ್‌ಗೆ ಬಿಟ್ಟ.

ಸುಗಟೂರಿನಿಂದ ಸೊಸೆಯನ್ನು ಕ್ಲಾಸಿಗೆ ಕಳಿಸುತ್ತೇನೆ ಎಂದಿದ್ದ ಯಜಮಾನರು ಫೋನ್ ಮಾಡಿದರು.

"ಮೇಷ್ಟ್ರೇ, ವಿಡಿಯೋ ನೋಡ್ದೆ. ಸೊಸೇನ ಸ್ವಲ್ಪ ದಿನ ಬಿಟ್ಟು ಕಳಿಸ್ತೀನಿ."

"ಅದು ಆಟ ಸ್ವಾಮಿ."

"ಗೊತ್ತಾಯ್ತು. ಆಟಕ್ಕೇ ಹಿಂಗೆ ಹಳ್ಳ ಹಿಡ್ಸಿದೀರಿ."

ಇದು ನನ್ನ ಮನಸ್ಸಿಗೆ ನಿಜವಾಗಿ ನಾಟಿತು. ಹದಿನೆಂಟು ವರ್ಷದಲ್ಲಿ ನಾನು ಸಂಪಾದಿಸಿದ ಆಸ್ತಿ ಒಂದೇ: 'ಅವರ ಹತ್ತಿರ ಕಲಿತರೆ ಕೈ ಕೂರುತ್ತೆ' ಎಂಬ ಮಾತು. ಆ ಮಾತು ಈಗ ಮರಳಿನಲ್ಲಿ ಮಗುಚಿ ಬಿದ್ದಿತ್ತು. ತಪ್ಪು ನನ್ನದಲ್ಲ, ಗೇಮ್‌ಪ್ಯಾಡಿನದು, ಕೈಗೆ ನಿಜವಾದ ಸ್ಟೀರಿಂಗ್ ಸಿಕ್ಕರೆ ಎಲ್ಲರೂ ನೋಡುವಾಗಲೇ ಒಂದು ರೇಸ್ ನೆಟ್ಟಗೆ ಓಡಿಸಿ ಹೆಸರು ಉಳಿಸಿಕೊಳ್ಳುತ್ತೇನೆ ಎಂದೆ. ಹೆಂಡತಿ, "ಕುಣೀಲಾರದೋಳು ನೆಲ ಡೊಂಕು ಅಂದಳಂತೆ" ಎಂದು ಹೇಳಿ ಬಟ್ಟೆ ಒಣಹಾಕಲು ಹೋದಳು.

ಅಷ್ಟರಲ್ಲಿ ಮತ್ತೊಂದು ಫೋನ್ ಬಂತು. ಹಳೆಯ ಶಿಷ್ಯ.

"ನಂಬರ್ ಚೆನ್ನಾಗಿ ಕಾಣ್ಸುತ್ತೆ ಮೇಷ್ಟ್ರೇ. ಇನ್ನೊಂದ್ಸಲ ತಲೆಕೆಳಗಾಗಿ ಬರೆಸ್ಬಿಡಿ. ಕಾರು ಮಗುಚ್ಕೊಂಡಾಗ ಓದಕ್ಕೆ ಕಷ್ಟ ಆಗ್ತಾ ಇದೆ."

ಯಲ್ದೂರಿನ ಅಜ್ಜಿಯ ಪ್ರಶ್ನೆ

ನನಗೆ ಬೇಕಾಗಿದ್ದದ್ದು ಫೋರ್ಸ್ ಫೀಡ್‌ಬ್ಯಾಕ್ ಸ್ಟೀರಿಂಗ್. ಎಂದರೆ ಒಳಗೆ ಮೋಟಾರ್ ಇರುತ್ತದೆ. ಪರದೆಯ ಮೇಲೆ ಕಾರು ಹಳ್ಳಕ್ಕೆ ಬಿದ್ದರೆ ಕೈಯಲ್ಲಿ ಸ್ಟೀರಿಂಗ್ ಅದುರುತ್ತದೆ, ತಿರುವಿನಲ್ಲಿ ಎದುರು ಎಳೆಯುತ್ತದೆ. ಇದರಲ್ಲಿ ಮೂರು ಜಾತಿ. ಗೇರ್‌ನದು ಕಟಕಟ ಸದ್ದು ಮಾಡುತ್ತದೆ. ಬೆಲ್ಟ್‌ನದು ನಯ. ಡೈರೆಕ್ಟ್ ಡ್ರೈವ್ ಎಂದರೆ ಮೋಟಾರಿಗೇ ನೇರ ಸ್ಟೀರಿಂಗ್ ಸಿಕ್ಕಿಸಿದ್ದು, ಗೂಳಿ. ಒಂದು ವಾರ ಇಂಟರ್ನೆಟ್‌ನಲ್ಲಿ ವಿಮರ್ಶೆ ನೋಡಿದೆ. ಬೆಳಗ್ಗೆ ಬೆಲ್ಟ್ ಎಂದುಕೊಂಡರೆ ಮಧ್ಯಾಹ್ನ ಗೇರ್ ಎನ್ನಿಸುತ್ತಿತ್ತು, ಸಾಯಂಕಾಲ ಯಾವುದೂ ಬೇಡ ಎನ್ನಿಸುತ್ತಿತ್ತು. ಮುಟ್ಟಿ ನೋಡೋಣವೆಂದರೆ ನಾನು ಸುತ್ತಿದ ಯಾವ ಅಂಗಡಿಯಲ್ಲೂ ಅದು ಇರಲಿಲ್ಲ. ಇನ್ನು ಇದ್ದವರ ಮನೆಗೇ ಹೋಗುವುದು ಎಂದು ಹೊರಟೆ.

ಯಲ್ದೂರಿನ ಮಾವಿನ ತೋಟದವನು ನಮ್ಮ ಒಂಬತ್ತು ಜನರಲ್ಲಿ ಒಬ್ಬ, ಅವನದು ಬೆಲ್ಟ್. ಮಾವಿನ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಿ ಸೀಟು ಮಾಡಿಕೊಂಡಿದ್ದ. ನಾನು ಕೂತು ಓಡಿಸತೊಡಗಿದೆ. ಅವನ ಅಜ್ಜಿ ಕತ್ತರಿಸಿದ ಮಾವಿನಹಣ್ಣಿನ ತಟ್ಟೆ ಹಿಡಿದು ಹಿಂದೆ ನಿಂತು ನೋಡುತ್ತಿದ್ದರು. ನಾಲ್ಕು ಸುತ್ತು ಆದ ಮೇಲೆ ತೆಲುಗು ಬೆರೆತ ಕನ್ನಡದಲ್ಲಿ ಮೊಮ್ಮಗನನ್ನು ಕೇಳಿದರು.

"ಏಮಿರಾ, ಈಯಪ್ಪ ಆಗ್ಲೇ ಈ ಮರ ದಾಟಿದ್ನಲ್ಲ?"

"ಸುತ್ತು ಅವ್ವಾ. ಮತ್ತೆ ಅಲ್ಲಿಗೇ ಬರ್ಬೇಕು."

"ಎಷ್ಟು ಸುತ್ತು?"

"ಮೂವತ್ತು."

ಅಜ್ಜಿ ತಟ್ಟೆಯನ್ನು ನನ್ನ ಪಕ್ಕಕ್ಕಿಟ್ಟು ಬಹಳ ಕನಿಕರದಿಂದ ಹೇಳಿದರು: "ಮೂವತ್ತು ಸಲ ಅಲ್ಲಿಗೇ ಬರೋದಾದ್ರೆ, ನಾಯನಾ, ಅಲ್ಲೇ ಕೂತ್ಕೊಂಡು ಹಣ್ಣು ತಿನ್ನು."

ಮಾಲೂರಿನ ಗೂಳಿ

ಹಣ್ಣು ತಿಂದು ಬಂದರೂ ಮನಸ್ಸು ನಿಲ್ಲಲಿಲ್ಲ. ಡೈರೆಕ್ಟ್ ಡ್ರೈವ್ ನೋಡದೆ ಹೇಗೆ ತೀರ್ಮಾನ ಮಾಡುವುದು? ಮಾಲೂರಿನಲ್ಲಿ ಇಟ್ಟಿಗೆ ಗೂಡಿನ ಮಾಲೀಕರೊಬ್ಬರ ಹತ್ತಿರ ಒಂದಿತ್ತು. ಅದು ಮೇಜನ್ನೇ ಕಿತ್ತುಕೊಂಡು ಬರುತ್ತದೆಂದು ಅವರು ಆಫೀಸಿನೊಳಗೆ ತಮ್ಮದೇ ಇಟ್ಟಿಗೆಯಲ್ಲಿ ಕಟ್ಟೆ ಕಟ್ಟಿಸಿ ಬೋಲ್ಟ್ ಹಾಕಿಸಿದ್ದರು.

"ಒಂದೇ ಮಾತು ಮೇಷ್ಟ್ರೇ," ಎಂದರು. "ಗೋಡೆಗೆ ಗುದ್ದೋ ಹಾಗಾದ್ರೆ ಕೈ ಬಿಟ್ಬಿಡಿ. ಇದು ತಿರುಚುತ್ತೆ."

ತಲೆ ಆಡಿಸಿದೆ. ಮೂರನೇ ತಿರುವಿನಲ್ಲಿ ಗೋಡೆ ಬಂತು. ಆದರೆ ಹದಿನೆಂಟು ವರ್ಷದಿಂದ ದಿನಕ್ಕೆ ಇಪ್ಪತ್ತು ಸಲ 'ಏನೇ ಆಗ್ಲಿ ಸ್ಟೀರಿಂಗ್ ಬಿಡ್ಬೇಡಿ' ಎಂದು ಕೂಗಿದವನು ನಾನು. ಬಿಡಲಿಲ್ಲ. ಅದೂ ನನ್ನನ್ನು ಬಿಡಲಿಲ್ಲ. ಹೆಬ್ಬೆರಳು ಉಳುಕಿ ಬದನೆಕಾಯಿ ಗಾತ್ರಕ್ಕೆ ಬಂತು.

ಮರುದಿನ ಬೆಳಗ್ಗೆ ಹೊಸದಾಗಿ ಸೇರಲು ಬಂದವರು ಫಾರಂ ತುಂಬುತ್ತಾ ನನ್ನ ಬ್ಯಾಂಡೇಜ್ ನೋಡಿದರು.

"ಕೈಗೆ ಏನಾಯ್ತು ಸಾರ್?"

"ಗೋಡೆಗೆ ಗುದ್ದಿದೆ."

"ಕಾರಲ್ಲಾ?"

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. "ಇಲ್ಲ, ಕುರ್ಚೀಲಿ" ಎಂದೆ. ಅವರು ಪೆನ್ನಿಗೆ ಕ್ಯಾಪ್ ಹಾಕಿ ಎದ್ದು ಹೋದರು.

ಸಾಬರ ರಿಪೇರಿ

ಕೊನೆಗೆ ಬೆಲ್ಟ್‌ನದನ್ನೇ ತರಿಸಿದೆ. ಅದನ್ನು ಕೂರಿಸಲು ಗಟ್ಟಿ ಸ್ಟ್ಯಾಂಡ್ ಬೇಕಲ್ಲ, ನಮ್ಮ ಬೀದಿಯ ವೆಲ್ಡಿಂಗ್ ಸಾಬರಿಗೆ ಕೊಟ್ಟೆ. ಅವರ ತಾತನ ಕಾಲದಿಂದ ಗಾಡಿ ಪಟ್ಟಿ, ಬಸ್ಸಿನ ಬಾಡಿ ಎಂದು ಕಬ್ಬಿಣದ ಜೊತೆಗೇ ಬದುಕಿದ ಮನೆತನ. ಅರ್ಧ ದಿನದಲ್ಲಿ ಸ್ಟ್ಯಾಂಡ್ ಮಾಡಿ ಮನೆಗೇ ತಂದು ಕೂರಿಸಿದರು. ನಾನು ಕ್ಲಾಸಿಗೆ ಹೊರಡುವ ಮೊದಲು ಕಂಪ್ಯೂಟರ್ ಹಾಕಿ, "ಒಂದು ಸಲ ಓಡಿಸಿ ನೋಡಿ" ಎಂದು ಕೂರಿಸಿ ಹೋದೆ. ಹೋಗಬಾರದಿತ್ತು.

ಬಂದು ನೋಡಿದರೆ ಸ್ಟೀರಿಂಗಿನ ಎರಡು ಪಕ್ಕಕ್ಕೂ ಹಳೆಯ ಮೊಪೆಡ್ಡಿನ ಸ್ಪ್ರಿಂಗುಗಳು. ಎಡಕ್ಕೂ ತಿರುಗದು, ಬಲಕ್ಕೂ ತಿರುಗದು. ಸಾಬರು ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು.

"ಪೂರಾ ಹಿಲ್ತಾ ಇತ್ತು ಮಾಸ್ಟರ್, ಒಂದು ಕಡೆ ಎಳೀತಾ ಇತ್ತು. ಅಲೈನ್‌ಮೆಂಟ್ ಹೋಗಿದೆ. ಫಿಕರ್ ನಕ್ಕೋ, ಸರಿ ಮಾಡ್ಬಿಟ್ಟಿದೀನಿ. ಇನ್ನು ಅಲ್ಲಾಡಲ್ಲ."

ಅದು ಅಲ್ಲಾಡಬೇಕು, ಅಲ್ಲಾಡಲಿ ಎಂದೇ ಅಷ್ಟು ದುಬಾರಿ ಎಂದು ಕಾಲು ಗಂಟೆ ವಿವರಿಸಿದೆ. ಸಾಬರು ಪೂರ್ತಿ ಕೇಳಿಸಿಕೊಂಡು, ಸ್ಪ್ರಿಂಗ್ ಬಿಚ್ಚುತ್ತಾ ನನ್ನ ಹೆಂಡತಿಯ ಕಡೆ ತಿರುಗಿ ಹೇಳಿದರು: "ಭಾಭಿ, ಒಂದು ಮಾತು ನನ್ನ ಕೇಳಿದ್ರೆ ಆಗ್ತಿತ್ತು. ನಮ್ಮ ಗೂಡ್ಸ್ ಆಟೋದು ಇದಕ್ಕಿಂತ ಚೆನ್ನಾಗಿ ಅಲ್ಲಾಡುತ್ತೆ, ಪುಕ್ಕಟೆ ಬಿಚ್ಚಿ ಕೊಡ್ತಾ ಇದ್ದೆ."

ಮೂರು ನಿಂಬೆಹಣ್ಣು

ಹೊಸ ಗಾಡಿ ಬಂದ ಮೇಲೆ ಪೂಜೆ ಆಗಬೇಕು. ಚಕ್ರವೇ ಇಲ್ಲವಲ್ಲ ಎಂದರೆ ಹೆಂಡತಿ ಕೇಳಲಿಲ್ಲ. ಸ್ಟೀರಿಂಗಿಗೆ ಹೂವು ಮುಡಿಸಿ, ಕುಂಕುಮ ಇಟ್ಟು, ಮೂರು ಪೆಡಲುಗಳ ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ಟಳು. ಕ್ಲಚ್ಚಿನದು, ಆಕ್ಸಿಲರೇಟರಿನದು ಅಪ್ಪಚ್ಚಿಯಾದವು. ಬ್ರೇಕಿನದು ಮಾತ್ರ ಗಟ್ಟಿಯಾಗಿ ಒಳಗೇ ಕಚ್ಚಿಕೊಂಡು ಕೂತಿತು. ವಿಚಿತ್ರವೆಂದರೆ ಅದರಿಂದ ಬ್ರೇಕ್ ಬಹಳ ಚೆನ್ನಾಯಿತು. ಒತ್ತಿದಷ್ಟೂ ಹದವಾಗಿ, ನಿಜವಾದ ಕಾರಿನಂತೆ.

ಆ ವಾರ ಅಭ್ಯಾಸದಲ್ಲಿ ನನ್ನ ಬ್ರೇಕಿಂಗ್ ನೋಡಿ ಇಟ್ಟಿಗೆ ಗೂಡಿನವರು ಹೆಡ್‌ಫೋನ್‌ನಲ್ಲೇ ಕೇಳಿದರು: "ಏನ್ ಹಾಕ್ಸಿದೀರಿ ಮೇಷ್ಟ್ರೇ? ಹೈಡ್ರಾಲಿಕ್ಕಾ?"

"ನಾಟಿ" ಎಂದೆ. "ಶುಕ್ರವಾರ ಶುಕ್ರವಾರ ಬದಲಾಯಿಸ್ಬೇಕು."

ಕೊನೆಯ ಸುತ್ತು

ಭಾನುವಾರ ಬಂತು. ಬೆಳಗ್ಗೆ ಐದರಿಂದ ಮನೆಯೊಳಗೆ ನಡೆದಾಡಿದೆ. ಹೆಂಡತಿ, "ಹೀಗೇ ನಡೆದ್ರೆ ಮಧ್ಯಾಹ್ನಕ್ಕೆ ಮುಳಬಾಗ್ಲು ಮುಟ್ತೀರಿ" ಎಂದಳು. ಇವತ್ತೂ ಮರಳಿಗೆ ಇಳಿದರೆ ಬೋರ್ಡ್ ತೆಗೆದು ಬೇರೆ ಊರಿನಲ್ಲಿ ಹಾಕಬೇಕಾಗುತ್ತದೆ ಎಂದು ನಿಜವಾಗಿಯೂ ಹೆದರಿದ್ದೆ.

ರೇಸ್ ಶುರುವಾಯಿತು. ಮೊದಲನೇ ತಿರುವು ದಾಟಿದೆ. ಎರಡನೆಯದನ್ನೂ ದಾಟಿದೆ. ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತಾ ಕೊನೆಯ ಸುತ್ತಿಗೆ ಬರುವಾಗ ನನ್ನ ಮುಂದೆ ಉಳಿದದ್ದು ಗಣಿತದ ಮೇಡಂ ಒಬ್ಬರೇ. ಅಷ್ಟರಲ್ಲಿ ಎಂದೂ ತಪ್ಪದ ಅವರ ಲೆಕ್ಕ ತಪ್ಪಿತು. ಕಾರು ಗಿರ್ರನೆ ತಿರುಗಿ ರಸ್ತೆಗೆ ಅಡ್ಡವಾಗಿ ನಿಂತು ಎಂಜಿನ್ ಆಫ್ ಆಯಿತು. ಪಕ್ಕದಲ್ಲಿ ಒಂದು ಕಾರು ಹೋಗುವಷ್ಟು ಜಾಗ. ಹೋದರೆ ನಾನೇ ಮೊದಲು.

ನನ್ನ ಕಾಲು ಬ್ರೇಕ್ ಒತ್ತಿತು. ನಾನು ಒತ್ತಲಿಲ್ಲ, ಕಾಲೇ ಒತ್ತಿತು. ಅದರ ಹಿಂದೆಯೇ ಬಾಯಿಯೂ ತೆರೆಯಿತು.

"ಗಾಬರಿ ಆಗ್ಬೇಡಿ. ಯಾರೂ ಬೈಯಲ್ಲ. ಕ್ಲಚ್ ಪೂರ್ತಿ ಒತ್ತಿ. ಸ್ಟಾರ್ಟ್ ಮಾಡಿ. ಫಸ್ಟ್ ಗೇರ್. ಕನ್ನಡಿ ನೋಡಿ. ಇಂಡಿಕೇಟರ್ ಹಾಕಿ. ನಿಧಾನಕ್ಕೆ ಬಿಡಿ."

ನಾನು ಹೇಳಿದಂತೆ ಮೇಡಂ ಮಾಡತೊಡಗಿದರು. ಅಷ್ಟರಲ್ಲಿ ಉಳಿದ ಏಳು ಕಾರುಗಳೂ ನಮ್ಮಿಬ್ಬರನ್ನು ಸವರಿಕೊಂಡು ಹೋದವು. ಮೇಡಂ ಎಂಟನೆಯವರು, ಅವರನ್ನು ಮುಂದೆ ಬಿಟ್ಟುಕೊಂಡು ನಾನು ಒಂಬತ್ತನೆಯವನು. ಆಮೇಲೆ ಹೆಡ್‌ಫೋನ್‌ನಲ್ಲಿ ಮೇಡಂ ಮೆಲ್ಲಗೆ ಹೇಳಿದರು:

"ಮೇಷ್ಟ್ರೇ, ರೇಸ್ ಕಾರಲ್ಲಿ ಇಂಡಿಕೇಟರ್ ಇರಲ್ಲ. ಐದು ನಿಮಿಷದಿಂದ ಹುಡುಕ್ತಾ ಇದೀನಿ."

ಒನ್‌ವೇ

ಆ ವಿಡಿಯೋ ಕೂಡ ಊರೆಲ್ಲ ಸುತ್ತಿತು. ನಾನು ಎರಡು ದಿನ ಫೋನ್ ಮುಟ್ಟಲಿಲ್ಲ, ಹೆಂಡತಿಯೇ ತೆಗೆಯುತ್ತಿದ್ದಳು. ಮೂರನೇ ದಿನ ಒಂದು ಚೀಟಿ ತಂದು ಮುಂದಿಟ್ಟಳು. "ಆರು ಜನ ಸೇರ್ಕೋತಾರಂತೆ. ಗೆಲ್ಲೋದು ಬಿಟ್ಟು ನಿಂತು ಹೇಳ್ಕೊಟ್ಟ ಮೇಷ್ಟ್ರು ನೀವೇನಾ ಅಂತ ಕೇಳಿದ್ರು. ಸುಗಟೂರು ಸೊಸೆ ನಾಳೆಯಿಂದಾನೇ ಬರ್ತಾಳೆ." ಸಂತೋಷಕ್ಕೆ ಏನು ಹೇಳುವುದೆಂದು ತಿಳಿಯದೆ ಕಾಫಿಗೆ ಸಕ್ಕರೆ ಕಮ್ಮಿ ಎಂದೆ.

ಮರುದಿನ ಸ್ಕೂಲಿಗೆ ಬಂದ ಚೀಟಿಯ ಮೊದಲನೇ ಹೆಸರಿನವರನ್ನು ನೋಡಿ ಕಣ್ಣು ಬಿಟ್ಟೆ. ಮುಳಬಾಗಿಲಿನ ಗಣಿತದ ಮೇಡಂ. ಬೇಸಿಗೆ ರಜೆಗೆ ಕೋಲಾರದ ಅಕ್ಕನ ಮನೆಗೆ ಬಂದಿದ್ದರು.

"ಲೈಸೆನ್ಸ್ ಇಲ್ವಾ ನಿಮ್ಗೆ?"

"ಲೈಸೆನ್ಸ್ ಏನು, ನಿಜವಾದ ಕಾರಿನ ಸ್ಟೀರಿಂಗೇ ಮುಟ್ಟಿಲ್ಲ ಮೇಷ್ಟ್ರೇ. ಬಸ್ಸಲ್ಲೇ ಸ್ಕೂಲಿಗೆ ಹೋಗೋದು. ಅವತ್ತು ಎಲ್ಲಾರೂ ಸವರ್ಕೊಂಡು ಹೋದ್ರು, ನಿಂತೋರು ನೀವೊಬ್ರೇ. ಅದಕ್ಕೇ ನಿಮ್ಮತ್ರಾನೇ ಕಲೀಬೇಕು ಅಂತ ಬಂದೆ."

ನನ್ನ ಎದೆ ಒಂದು ಗೇಣು ಉಬ್ಬಿತು. ಎಲ್‌ಎಲ್‌ಆರ್ ಮಾಡಿಸಿ ಕ್ಲಾಸ್ ಶುರು ಮಾಡಿದೆವು. ಪರದೆಯ ಮೇಲೆ ಗಂಟೆಗೆ ಇನ್ನೂರೈವತ್ತು ಕಿಲೋಮೀಟರ್ ಓಡಿಸುವ ಮೇಡಂ ನಿಜವಾದ ಕಾರನ್ನು ಗಂಟೆಗೆ ಎಂಟರಲ್ಲಿ ಓಡಿಸುತ್ತಾ ಬಸ್ ಸ್ಟ್ಯಾಂಡಿನ ಹತ್ತಿರದ ಒನ್‌ವೇ ರಸ್ತೆಗೆ ಬಂದರು. ಎದುರಿನಿಂದ ಒಂದು ಬಿಳಿ ಕಾರು ಹಾರ್ನ್ ಮಾಡುತ್ತಾ ಧೈರ್ಯವಾಗಿ ನಮ್ಮ ಮೇಲೇ ಬರುತ್ತಿತ್ತು. ಮೇಡಂ ಗಕ್ಕನೆ ಕಾರು ನಿಲ್ಲಿಸಿದರು. ರೇಸ್ ರಸ್ತೆಯಲ್ಲಿ ಎಲ್ಲರೂ ಒಂದೇ ಕಡೆ ಹೋಗುತ್ತಾರೆ, ಸ್ಟೀರಿಂಗ್ ಹಿಡಿದು ಎದುರು ಬರುವ ಗಾಡಿಯನ್ನು ಪಾಪ ಅವರು ಜನ್ಮದಲ್ಲಿ ಕಂಡಿರಲಿಲ್ಲ.

"ಮೇಷ್ಟ್ರೇ, ಇದು ಒನ್‌ವೇ ಅಂದ್ರಲ್ಲ?"

"ಹೌದು ಮೇಡಂ. ನೀವು ಸರಿಯಾಗೇ ಇದೀರಿ. ತಪ್ಪು ಅವ್ರದು."

"ಇವ್ರಿಗೆಲ್ಲ ಯಾರು ಮೇಷ್ಟ್ರೇ ಡ್ರೈವಿಂಗ್ ಹೇಳ್ಕೊಟ್ಟಿದ್ದು?"

ಬಿಳಿ ಕಾರು ನಮ್ಮ ಪಕ್ಕಕ್ಕೇ ಬಂದು ನಿಂತಿತು. ಗಾಜು ಇಳಿಯಿತು. ಒಳಗಿನವರು ಎರಡೂ ಕೈ ಬಿಟ್ಟು ನನಗೆ ನಮಸ್ಕಾರ ಮಾಡಿ, ಮೇಡಂಗೆ ಧೈರ್ಯ ಹೇಳಿದರು:

"ಹೆದರ್ಕೋಬೇಡಿ ಮೇಡಂ, ಒಳ್ಳೇ ಮೇಷ್ಟ್ರು. ನಾನೂ ಇವ್ರತ್ರಾನೇ ಕಲ್ತಿದ್ದು."