ಪರಿಚಯ ಅಪೂರ್ಣ

ನಮ್ಮ ಕಡೆಯ ಜನರಿಗೆ, ನಿಮ್ಮ ಬಗ್ಗೆ ನಾಲ್ಕೇ ಸಾಲು ಬರೆಯಿರಿ ಎಂದು ಹೇಳಿ ನೋಡಿ, ಏನಾದರೊಂದು ಆಗಿಯೇ ಆಗುತ್ತದೆ. ಇಂಟರ್ನೆಟ್ಟಿನಲ್ಲಿ ಆಕಾಶ ನೋಡುವವರದೊಂದು ಕನ್ನಡ ಗುಂಪಿತ್ತು. ಹೊಸಬರನ್ನು ಸ್ವಾಗತಿಸುವ ಕೆಲಸವನ್ನು ಅಲ್ಲಿ ನಾನು ಕೆಲವು ವರ್ಷ ಮಾಡಿದೆ. ಆಕಾಶದಲ್ಲಿ ಹೇಳಿಕೊಳ್ಳುವಂಥದ್ದು ನಡೆಯುವುದು ಅಪರೂಪ. ಪರಿಚಯದ ಪುಟದಲ್ಲಿ ಮಾತ್ರ ದಿನಾ ನಡೆಯುತ್ತಿತ್ತು.

೧. ಅರ್ಜಿ

ನಾನು ಹುಮನಾಬಾದಿನ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮಾಸ್ತರ. ಹೆಂಡತಿ ತೀರಿಕೊಂಡ ಮೇಲೆ, ಶಾಲೆ ಬಿಟ್ಟ ನಂತರದ ಹೊತ್ತು ಬಹಳ ಉದ್ದವಾಯಿತು. ಮನೆಗೆ ಹೋದರೆ ಮಾತಾಡುವವರಿಲ್ಲ, ಕಟ್ಟೆಗೆ ಹೋದರೆ ಎಲ್ಲರೂ ಅದೊಂದನ್ನೇ ಮಾತಾಡುತ್ತಾರೆ. ಹೀಗಾಗಿ ಬಸ್ ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಶುರುವಾಗಿದ್ದ ಇಂಟರ್ನೆಟ್ ಅಂಗಡಿಗೆ ಹೋಗಿ ಕೂರತೊಡಗಿದೆ. ಈ ಗುಂಪು ಕಣ್ಣಿಗೆ ಬಿದ್ದದ್ದು ಅಲ್ಲಿ. ಆ ದಿನಗಳಲ್ಲಿ ನಾನು ಸಂಜೆ ಯಾರೊಡನೆಯಾದರೂ ನಾಲ್ಕು ಮಾತಾಡಿದ್ದರೆ ಅದು ಆ ಗುಂಪಿನವರೊಡನೆ ಮಾತ್ರ.

ಸಂಚಾಲಕರು ಮೈಸೂರಿನವರು, ಬಹಳ ಶಿಸ್ತಿನವರು. ಹೊಸಬರು ನಾಲ್ಕು ಪ್ರಶ್ನೆಗೆ ಉತ್ತರ ಬರೆಯಬೇಕು: ನಿಮ್ಮ ಹೆಸರು, ನಿಮ್ಮ ಊರು, ಆಕಾಶವನ್ನು ಯಾವುದರಿಂದ ನೋಡುತ್ತೀರಿ, ನಿಮಗೆ ಮೊದಲು ಆಕಾಶ ತೋರಿಸಿದವರು ಯಾರು.

ನನಗೆ ಜನ್ಮದಲ್ಲಿ ಅರ್ಜಿ ಬರೆದು ಗೊತ್ತೇ ಹೊರತು ಪರಿಚಯ ಬರೆದು ಗೊತ್ತಿಲ್ಲ. 'ವಿಷಯ: ತಮ್ಮ ಗುಂಪಿಗೆ ಸೇರಿಸಿಕೊಳ್ಳುವ ಕುರಿತು' ಎಂದು ಶುರು ಮಾಡಿದೆ. ವಿದ್ಯಾರ್ಹತೆ ಬರೆದೆ, ಸೇವೆಗೆ ಸೇರಿದ ದಿನಾಂಕ ಬರೆದೆ, ಕೊನೆಗೆ ಕೈ ತಾನಾಗಿಯೇ 'ರಾಜ್ಯದ ಯಾವುದೇ ಭಾಗದಲ್ಲಿ ಸೇವೆ ಸಲ್ಲಿಸಲು ಸಿದ್ಧನಿದ್ದೇನೆ' ಎಂದೂ ಬರೆಯಿತು. ನಾಲ್ಕನೆಯ ಪ್ರಶ್ನೆಗೆ 'ಮನೆಯವರು' ಎಂದಷ್ಟೇ ಬರೆದೆ.

ಮರುದಿನ ಉತ್ತರ ಬಂದಿತ್ತು. "ಮಾನ್ಯರೇ, ತಮ್ಮನ್ನು ಎಲ್ಲಿಗಾದರೂ ವರ್ಗ ಮಾಡುವ ಅಧಿಕಾರ ನಮಗಿಲ್ಲ. ನಾಲ್ಕನೆಯ ಉತ್ತರ ಅಸ್ಪಷ್ಟವಾಗಿದೆ. ಯಾವ ಮನೆಯವರು? ದಯವಿಟ್ಟು ಹೆಸರು ಬರೆಯಿರಿ. ಅಲ್ಲಿಯವರೆಗೆ ಪರಿಚಯ ಅಪೂರ್ಣ."

ಅದೊಂದು ಹೆಸರು ಬರೆಯಲು ನನ್ನಿಂದ ಆಗಲಿಲ್ಲ. ಅಷ್ಟು ವರ್ಷ ಸಂಸಾರ ಮಾಡಿದರೂ ನಾನು ಆಕೆಯನ್ನು ಹೆಸರು ಹಿಡಿದು ಕರೆದವನಲ್ಲ. 'ಕೇಳಿಲ್ಲಿ' ಎಂದರೆ ನನ್ನ ಕೆಲಸ ಆಗುತ್ತಿತ್ತು, 'ಕೇಳ್ರಿಲ್ಲಿ' ಎಂದರೆ ಆಕೆಯ ಕೆಲಸ ಆಗುತ್ತಿತ್ತು. ಕರೆದರೆ ಬರುವವರಿದ್ದಾಗ ಕರೆಯದ ಹೆಸರನ್ನು, ಬೆನ್ನ ಹಿಂದೆ ಮೂರು ಜನ ಪಾಳಿ ಕಾಯುತ್ತಿದ್ದ ಕಂಪ್ಯೂಟರಿನಲ್ಲಿ ಹೇಗೆ ಬರೆಯುವುದು? ಹಾಗೇ ಬಿಟ್ಟು ಎದ್ದು ಬಂದೆ.

ನನ್ನ ಹೆಸರಿನ ಪಕ್ಕದಲ್ಲಿ 'ಪರಿಚಯ ಅಪೂರ್ಣ' ಎಂಬ ಎರಡು ಪದ ಅಂಟಿಕೊಂಡವು. ಅಳಿಸುವ ವಿಷಯದಲ್ಲಿ ಸಂಚಾಲಕರು ಕಟ್ಟುನಿಟ್ಟು. ಆದರೆ ಯಾರು ಏನು ಕೇಳಿದರೂ ನಾನು ಅಚ್ಚುಕಟ್ಟಾಗಿ ಉತ್ತರ ಬರೆಯುತ್ತೇನೆಂದು ಅವರಿಗೆ ಮೆಚ್ಚುಗೆಯೂ ಇತ್ತು. ವರ್ಷ ತುಂಬುವುದರೊಳಗೆ ನನ್ನನ್ನು 'ಸ್ವಾಗತಕಾರರು, ಪರಿಚಯ ಅಪೂರ್ಣ' ಎಂದು ನೇಮಿಸಿದರು. ಬಾಗಿಲಲ್ಲಿ ನಿಂತು ಎಲ್ಲರನ್ನೂ ಒಳಗೆ ಕರೆಯುವವನು ತಾನೇ ಇನ್ನೂ ಒಳಗೆ ಹೋಗಿರಲಿಲ್ಲ.

೨. ಮೊದಲು ತೋರಿಸಿದವರು

ಒಂದು ಗ್ರಹಣದ ದಿನ ಶಾಲೆಯಲ್ಲಿ ಈ ಗುಂಪಿನ ವಿಷಯ ಹೇಳಿದೆ. ಮಕ್ಕಳಿಂದ ಅದು ಮನೆಗಳಿಗೆ ಹೋಯಿತು. ಸ್ವಲ್ಪ ದಿನದಲ್ಲೇ ನಮ್ಮ ಸುತ್ತಲಿನ ಊರಿನವರು ಒಬ್ಬೊಬ್ಬರಾಗಿ ಬಂದು ಸೇರತೊಡಗಿದರು. ಬರೆಯಲು ಬಾರದವರು ಹೇಳುತ್ತಿದ್ದರು, ಇಂಟರ್ನೆಟ್ ಅಂಗಡಿಯವರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬಡಿಯುತ್ತಿದ್ದರು.

ಮೊದಲು ಬಂದವರು ಮನ್ನಾಏಖೇಳ್ಳಿಯ ಕಿರಾಣಿ ಅಂಗಡಿಯವರು. ಆಕಾಶವನ್ನು ಯಾವುದರಿಂದ ನೋಡುತ್ತೀರಿ ಎಂಬುದಕ್ಕೆ ಅವರ ಉತ್ತರ: "ಕಣ್ಣಿಲೆ ನೋಡ್ತೀನ್ರಿ. ಎಡಗಣ್ಣಿಗಿ ಪೊರಿ ಬಂದದ. ಹಂಗಾಗಿ ಸದ್ಯ ಅರ್ಧಾ ಮೆಂಬರ್ ಮಾಡ್ಕೋರಿ. ಆಪರೇಷನ್ ಆದ ಮ್ಯಾಲ ಪೂರಾ ಮಾಡ್ರಿ."

ಮೊದಲು ಆಕಾಶ ತೋರಿಸಿದವರು ಯಾರು ಎಂಬುದಕ್ಕೆ: "ಕರೆಂಟಿನವರು. ಇವತ್ತಿಗೂ ದಿನಾ ಸಂಜಿಮುಂದ ತಪ್ಪದಂಗ ತೋರಸಾಕತ್ತಾರ."

ಮೈಸೂರಿನ ಸಂಚಾಲಕರಿಗೆ ಇದು ಹಾಸ್ಯವೆಂದು ಹೊಳೆಯಲಿಲ್ಲ. "ನಿಮ್ಮ ಭಾಗದ ವಿದ್ಯುತ್ ಸಿಬ್ಬಂದಿಯ ಖಗೋಳಾಸಕ್ತಿ ಮೆಚ್ಚತಕ್ಕದ್ದು. ಅವರನ್ನೂ ಗುಂಪಿಗೆ ಕರೆತನ್ನಿ" ಎಂದು ಬರೆದರು.

"ಬ್ಯಾಡ್ರಿ," ಎಂದು ಮನ್ನಾಏಖೇಳ್ಳಿಯಿಂದ ಉತ್ತರ ಬಂತು. "ಅವರಿಗಿ ನಾವು ಬರದದ್ದು ಯಾವತ್ತೂ ಮುಟ್ಟಿಲ್ಲ."

೩. ದುರ್ಬೀನು

ಹುಮನಾಬಾದಿನ ಒಬ್ಬ ಬಟ್ಟೆ ವ್ಯಾಪಾರಿ ಹೈದರಾಬಾದಿನಿಂದ ದುರ್ಬೀನು ತರಿಸಿ, ಅಂಗಡಿಯ ಮಾಳಿಗೆಯ ಮೇಲೆ ಮೂರು ಕಾಲಿನ ಮೇಲೆ ನಿಲ್ಲಿಸಿದ್ದರು. ಗುಂಪಿನಲ್ಲಿ ಯಾರ ಬಳಿಯೂ ಅಷ್ಟು ದೊಡ್ಡದು ಇರಲಿಲ್ಲ. ಅವರ ಪರಿಚಯ ಓದಿ ಸಂಚಾಲಕರು ಬಹಳ ಹಿಗ್ಗಿ, "ಅದರಲ್ಲಿ ತಾವು ಮೊದಲು ನೋಡಿದ್ದೇನು?" ಎಂದು ಕೇಳಿದರು.

"ಎದುರಂಗಡಿ ಗಿರಾಕಿ," ಎಂದು ವ್ಯಾಪಾರಿ ಬರೆದರು. "ಯಾರ್ಯಾರು ಅಲ್ಲಿ ಹೋಗಾಕತ್ತಾರ, ಯಾವ ಬಣ್ಣದ ಸೀರಿ ಒಯ್ಯಾಕತ್ತಾರ, ಗಲ್ಲಾದಾಗ ಎಷ್ಟು ರೊಕ್ಕಾ ಬೀಳಾಕತ್ತದ, ಎಲ್ಲಾ ಸಾಫ್ ಕಾಣಸ್ತದ. ಮಾಲ್ ಛಲೋ ಅದ."

"ಸ್ವಾಮಿ, ಆಕಾಶದಲ್ಲಿ ಏನು ನೋಡಿದಿರಿ?"

"ಆಕಾಶಕ್ಕ ದುರ್ಬೀನು ಯಾಕ್ರಿ ಸಾಹೇಬ್ರ? ಅಷ್ಟು ದೊಡ್ಡದದ, ಬರಿಗಣ್ಣಿಗೇ ಕಾಣಸ್ತದಲ್ಲ."

೪. ಯಾರ ಪೈಕಿ?

ನಮ್ಮಲ್ಲಿ ಹೆಸರು ಹೇಳಿ ಊರು ಹೇಳಿದರೆ ಪರಿಚಯ ಮುಗಿಯುವುದಿಲ್ಲ, ಶುರುವಾಗುತ್ತದೆ. ಮಂಠಾಳದ ಒಬ್ಬ ರೈತರು ಹೊಸದಾಗಿ ಸೇರಿ, ಶನಿಯ ಬಳೆ ಬರಿಗಣ್ಣಿಗೆ ಕಾಣುವುದೋ ಎಂದು ಕೇಳಿದರು. ನಾನು ಉತ್ತರ ಬರೆಯುವುದರೊಳಗೆ ಹುಡಗಿ ಗ್ರಾಮದ ಹಳೆಯ ಸದಸ್ಯರೊಬ್ಬರು ನಡುವೆ ಬಂದರು.

"ಮಂಠಾಳದಾಗ ಯಾರ ಪೈಕಿ?"

ಅವರು ಹೇಳಿದರು. "ಹಂಗಾದ್ರ ಬಾವಿ ಕಡಿ ಮನಿಯವರಿಗಿ ಏನಾಗ್ಬೇಕು?" ಅದನ್ನೂ ಹೇಳಿದರು. ಎರಡು ದಿನ ಇದೇ ನಡೆದು, ಮಂಠಾಳದವರ ಸೋದರಮಾವ ಹುಡಗಿಯವರ ಅಣ್ಣನ ಬೀಗರೆಂದು ಸಿದ್ಧವಾಯಿತು. ಸಂಬಂಧ ಸಿಕ್ಕ ಕೂಡಲೇ ಜಗಳವೂ ಸಿಕ್ಕಿತು. ಯಾವುದೋ ಮದುವೆಯಲ್ಲಿ ಆ ಸೋದರಮಾವನನ್ನು ಎರಡನೆಯ ಪಂಕ್ತಿಗೆ ಕೂರಿಸಿದ್ದರಂತೆ.

"ಕರದಿದ್ರಿ, ಬಂದಿದ್ದ. ಹೋಳಿಗಿ ತೀರಿದ ಮ್ಯಾಲ ಕೂಡಿಸಿದ್ರಿ."

"ಅವ ಬಂದಿದ್ದ ತಡಾ ಮಾಡಿ. ಹೋಳಿಗಿ ಕಾಯ್ತದೇನು?"

ಸಂಚಾಲಕರಿಗೆ ತಡೆಯಲಾಗಲಿಲ್ಲ. ಹೊಸ ನಿಯಮ ಹೊರಡಿಸಿದರು: "ಇನ್ನು ಮುಂದೆ ಭೂಮಿಯಿಂದ ನೂರು ಕಿಲೋಮೀಟರಿಗಿಂತ ಮೇಲಿನ ವಿಷಯ ಮಾತ್ರ ಇಲ್ಲಿ ಚರ್ಚಿಸತಕ್ಕದ್ದು."

ಒಂದು ದಿನ ಎಲ್ಲ ಶಾಂತವಿತ್ತು. ಮರುದಿನ ಮಂಠಾಳದವರು ವಿನಯದಿಂದ ಕೇಳಿದರು. "ಸಾಹೇಬ್ರ, ನಮ್ಮ ಸ್ವಾದರಮಾವ ತೀರ್ಕೊಂಡು ಮ್ಯಾಲ ಹೋಗಿ ಭಾಳ ದಿನಾ ಆತು. ಇಷ್ಟೊತ್ತಿಗಿ ನೂರು ಕಿಲೋಮೀಟರ್ ದಾಟ್ಯಾರ. ಅವರ ವಿಷಯ ಮಾತಾಡಬೋದಲ್ರಿ?"

ನಾನು ಜೋರಾಗಿ ನಕ್ಕುಬಿಟ್ಟೆ. ಅಂಗಡಿಯವರು ಎದ್ದು ಬಂದು, "ಏನಾತು ಸರ? ಕಂಪ್ಯೂಟರ್ ಕೆಡ್ತೇನು?" ಎಂದರು. ನಾನು ನಕ್ಕದ್ದನ್ನು ಅವರು ಅದುವರೆಗೆ ಕೇಳಿರಲಿಲ್ಲ.

ಸಂಚಾಲಕರು ಮೂರು ದಿನ ಯೋಚಿಸಿ ಬರೆದರು. "ನಿಯಮದ ಪ್ರಕಾರ ಅಡ್ಡಿಯಿಲ್ಲ. ಹೋಳಿಗೆಯ ವಿಷಯ ಬೇಡ."

೫. ಬಾಗಿಲು

ಬಸವಕಲ್ಯಾಣದಿಂದ ಹೊಸದಾಗಿ ಮದುವೆಯಾದ ಒಬ್ಬ ಸೊಸೆ ಸೇರಿದಳು. ಮೊದಲು ಆಕಾಶ ತೋರಿಸಿದವರು 'ನಮ್ಮವರು' ಎಂದು ಬರೆದಳು. ಸಂಚಾಲಕರು ಬಿಡುತ್ತಾರೆಯೇ? "ನಿಮ್ಮವರು ಎಂದರೆ ಯಾರು? ಹೆಸರು ಬರೆಯಿರಿ." ಆಕೆ ಬರೆದಳು:

ಏಳು ಚುಕ್ಕಿ ಕೂಡಿ ಹೂಡ್ಯಾವ ಆಕಾಶದಾಗ ನೇಗಿಲ,
ಸಂಗಪ್ಪ ರಾಯರ ಹೆಸರ ಹೇಳೀನಿ, ತೆಗೀರಿ ನಿಮ್ಮ ಬಾಗಿಲ.

"ನಮ್ಮ ಗುಂಪಿಗೆ ಬಾಗಿಲಿಲ್ಲ, ಪಾಸ್‌ವರ್ಡ್ ಮಾತ್ರ ಇದೆ," ಎಂದು ಸಂಚಾಲಕರು ಗಾಬರಿಯಿಂದ ನನಗೆ ಬರೆದರು. "ಇದೇನು?"

ನಾನು ವಿವರಿಸಿದೆ. ನಮ್ಮಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಹೇಳಲೇಬೇಕಾದಾಗ ಪ್ರಾಸದ ಎರಡು ಸಾಲು ಕಟ್ಟಿ, ಅದರೊಳಗೆ ಹೆಸರನ್ನು ಕೂರಿಸುತ್ತಾರೆ. ಅದು ಒಡಪು. ಮದುವೆಯ ದಿನ ಗಂಡು ಹೆಣ್ಣು ಹೊಸ್ತಿಲಿಗೆ ಬಂದಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಇಬ್ಬರೂ ಒಬ್ಬರ ಹೆಸರು ಒಬ್ಬರು ಒಡಪಿನಲ್ಲಿ ಹೇಳಬೇಕು. ಹೇಳಿದರೆ ದಾರಿ.

ಸಂಚಾಲಕರು ತೀರ್ಪು ಕೊಟ್ಟರು. "ಸಪ್ತರ್ಷಿ ಮಂಡಲದ ಆಕಾರ ಸರಿಯಾಗಿದೆ. ಅಂಗೀಕರಿಸಲಾಗಿದೆ."

ದಾರಿ ಸಿಕ್ಕಿತಲ್ಲ, ಹೆಂಗಸರು ಸಾಲುಗಟ್ಟಿ ಬಂದರು. ಬಟ್ಟೆ ವ್ಯಾಪಾರಿಯ ಹೆಂಡತಿಯೂ ಸೇರಿದರು:

ಚಂದ್ರ ಬ್ಯಾಡ, ಚುಕ್ಕಿ ಬ್ಯಾಡ, ಬೇಕು ಮಂದಿ ಗಲ್ಲಾ,
ಶರಣಪ್ಪ ಸೇಠರ ದುರ್ಬೀನಿಗಿ ಆಕಾಶ ಅಂಬೋದ ಇಲ್ಲಾ.

ಸೇಠರು ಅವತ್ತಿನಿಂದ ದುರ್ಬೀನನ್ನು ಸ್ವಲ್ಪ ಮೇಲಕ್ಕೆ ಎತ್ತಿದರು. ಎದುರಂಗಡಿಯವರು ಎರಡನೆಯ ಅಂತಸ್ತು ಕಟ್ಟಿಸಿದ್ದರು.

೬. ಸಪ್ಲಿಮೆಂಟರಿ

ಗುಂಪಿದ್ದ ಉಚಿತ ತಾಣ ಮುಚ್ಚುವುದೆಂದು ಸುದ್ದಿ ಬಂತು. ಸಂಚಾಲಕರು ಹೊಸ ತಾಣ ಗೊತ್ತುಮಾಡಿ ಪ್ರಕಟಣೆ ಹಾಕಿದರು: ಪರಿಚಯ ಪೂರ್ಣವಾಗಿರುವ ಹೆಸರುಗಳನ್ನು ಮಾತ್ರ ಅಲ್ಲಿಗೆ ಸೇರಿಸಲಾಗುವುದು, ಉಳಿದವು ಇಲ್ಲಿಯೇ ಅಳಿದುಹೋಗುತ್ತವೆ. ನನಗೆ ಬೇರೆಯಾಗಿ ಒಂದು ಸಾಲು ಬರೆದರು. "ಸ್ವಾಗತಕಾರರೇ, ನಿಯಮ ಎಲ್ಲರಿಗೂ ಒಂದೇ. ಆದರೆ ತಾವು ಬರದಿದ್ದರೆ ನನಗೆ ಕಷ್ಟ."

ಕಷ್ಟ ನನಗೂ ಇತ್ತು. ಆ ಗುಂಪು ಹೋದರೆ ನನ್ನ ಸಂಜೆಗಳು ಮತ್ತೆ ಮೊದಲಿನ ಹಾಗೇ. ಇದ್ದ ಅಡ್ಡಿ ಒಂದೇ ಹೆಸರು.

ಆ ಹೆಸರು ಬಾಕಿ ಉಳಿದದ್ದು ಮದುವೆಯ ದಿನದಿಂದ. ಬಸವಕಲ್ಯಾಣದಲ್ಲಿ, ನನ್ನ ಹೆಂಡತಿಯ ತವರಿನ ಹೊಸ್ತಿಲಲ್ಲಿ, ಆಕೆ ತಡವರಿಸದೆ ನನ್ನ ಹೆಸರಿನ ಒಡಪು ಹೇಳಿದಳು. ನನ್ನ ಸರದಿ ಬಂದಾಗ ಪ್ರಾಸ ಕೂಡಲಿಲ್ಲ. ಹೆಂಗಸರು ಕಾದರು, ಭಟ್ಟಿಯ ಮೇಲಿನ ಅಡುಗೆಯೂ ಕಾಯಿತು. ಕೊನೆಗೆ ಆಕೆಯ ಚಿಕ್ಕಮ್ಮ, "ಗಂಡ ಮಾಸ್ತರ ಹೌದಲ್ಲ? ಈ ವರ್ಷ ಫೇಲ್ ಅಂತ ಬರಕೋರಿ. ಸಪ್ಲಿಮೆಂಟರಿಗಿ ಕೂಡಸೋಣು," ಎಂದು ಒಳಗೆ ಬಿಟ್ಟರು. ಮುಂದೆ ನಾನು ಶಾಲೆಯ ಫಲಿತಾಂಶ ಚೆನ್ನಾಗಿ ಬಂತೆಂದು ಮನೆಯಲ್ಲಿ ಹೇಳಿದಾಗಲೆಲ್ಲ ಆಕೆ ಕೇಳುತ್ತಿದ್ದಳು. "ಎಲ್ಲಾರೂ ಪಾಸ್ ಆದ್ರೇನು? ನಮ್ಮ ಮನ್ಯಾಗ ಒಬ್ಬರದು ಬಾಕಿ ಅದಲ್ರಿ."

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹೊರಸು ಹಾಕಿ ಹಾಸಿಗೆ ಹಾಸುವಾಗ ಆಕಾಶ ತೋರಿಸಿದವಳೂ ಆಕೆಯೇ. ನಾನು ಸಪ್ತರ್ಷಿ ಮಂಡಲ ಎಂದರೆ ಒಪ್ಪುತ್ತಿರಲಿಲ್ಲ. "ಸಪ್ತರ್ಷಿ ಗಿಪ್ತರ್ಷಿ ನನಗ ಗೊತ್ತಿಲ್ರಿ. ಆ ನಾಲ್ಕು ಚುಕ್ಕಿ ಅಂದ್ರ ಹೊರಸಿನ ಕಾಲು. ಬಾಜೂಕ ಮೂರು ಮಂದಿ ಬೀಗರು. ಹೊರಸು ಒಂದ, ಬೀಗರು ಮೂರು. ಮಲಗಾಕ ಜಾಗಾ ಸಿಗವಲ್ದು, ಅದಕ್ಕ ರಾತ್ರಿಪೂರಾ ಸುತ್ತು ಹೊಡಿತಾರ."

ಕೊನೆಯ ದಿನ ಸಂಜೆ ಇಂಟರ್ನೆಟ್ ಅಂಗಡಿಯಲ್ಲಿ ಕೂತು ಪರಿಚಯದ ಪುಟ ತೆರೆದೆ. ಅಲ್ಲಿ, ನನ್ನ 'ಮನೆಯವರು' ಎಂಬ ಹಳೆಯ ಉತ್ತರದ ಕೆಳಗೆ, ಆಗಲೇ ಜನ ನೆರೆದಿದ್ದರು.

ಬಸವಕಲ್ಯಾಣದ ಸೊಸೆ ಬರೆದಿದ್ದಳು: "ಸರ, ನಾವೆಲ್ಲಾ ಬಾಗಿಲಕ್ಕ ಅಡ್ಡ ನಿಂತೀವಿ. ಒಡಪು ಹೇಳ್ರಿ, ಒಳಗ ಬರ್ರಿ."

ಮನ್ನಾಏಖೇಳ್ಳಿಯವರು: "ಲಗೂ ಹೇಳ್ರಿ ಸರ, ಕರೆಂಟ್ ಹೋಗೋದರಾಗ."

ಬಟ್ಟೆ ವ್ಯಾಪಾರಿಯ ಹೆಂಡತಿ: "ನಮ್ಮವರು ಮಾಳಗಿ ಮ್ಯಾಲಿಂದ ದುರ್ಬೀನ್ಯಾಗ ನೋಡಿ ಹೇಳಾಕತ್ತಾರ. ಮಾಸ್ತರ್ರು ಕಂಪ್ಯೂಟರ್ ಮುಂದ ಸುಮ್ಮ ಕುಂತಾರಂತ. ಇನ್ನಾ ಕೈ ಹಚ್ಚಿಲ್ಲಂತ."

ಕೈ ಹಚ್ಚಿದೆ. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಮೊದಲು, ಈ ವಿಷಯ ನೂರು ಕಿಲೋಮೀಟರಿಗಿಂತ ಮೇಲಿನದು ಎಂದು ನಿಯಮಕ್ಕಾಗಿ ಬರೆದೆ. ಅದರ ಕೆಳಗೆ:

ಒಂದ ಹೊರಸು, ಮೂರು ಬೀಗರು ಆಕಾಶದಾಗ ತೋರಿ,
ಚುಕ್ಕಿ ಪಾಠ ಮಾಸ್ತರಗ ಕಲಿಸಿದಾಕಿ ಕಸ್ತೂರಿ.

ಕಳಿಸಿದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡೆ. ಹಾಕಿಕೊಳ್ಳುವುದರೊಳಗೆ ಸೊಸೆಯ ಉತ್ತರ ಬಂದಿತ್ತು. "ಪಾಸ್ ಆದ್ರಿ ಸರ. ಬಲಗಾಲ ಮುಂದಿಟ್ಟು ಒಳಗ ಬರ್ರಿ."

ಸಂಚಾಲಕರದು ಸ್ವಲ್ಪ ತಡವಾಗಿ ಬಂತು. "ಅಂಗೀಕರಿಸಲಾಗಿದೆ. 'ಅಪೂರ್ಣ' ಎಂಬುದನ್ನು ಅಳಿಸಿದ್ದೇನೆ. ಆದರೆ ಒಂದು ತಿದ್ದುಪಡಿ. ಮೂವರು ಬೀಗರಲ್ಲಿ ನಡುವಿನವರು ವಸಿಷ್ಠರು. ಕಣ್ಣು ಚುರುಕಾಗಿದ್ದರೆ ಅವರ ಪಕ್ಕದಲ್ಲೇ ಇನ್ನೊಂದು ಸಣ್ಣ ನಕ್ಷತ್ರ ಕಾಣುತ್ತದೆ. ಆದ್ದರಿಂದ ಬೀಗರು ಒಟ್ಟು ನಾಲ್ವರು."

ಹುಡಗಿಯವರು ಇದಕ್ಕೇ ಕಾದಿದ್ದವರಂತೆ ಬಂದರು. "ಆ ನಾಲ್ಕನೇದವರು ಯಾರ ಪೈಕಿ?"

"ಹೊರಸಿನ ಪ್ರಶ್ನೆ ಅದ," ಎಂದು ಮಂಠಾಳದವರೂ ಕೂಡಿಕೊಂಡರು. "ಈಗೇ ಹೇಳಿಬಿಡ್ರಿ. ಆಮ್ಯಾಲ ಎರಡನೇ ಪಂಕ್ತಿಗಿ ಕೂಡಸಿದ್ರು ಅನ್ನಬಾರದು."

ಅಷ್ಟು ವರ್ಷ ಈ ಪ್ರಶ್ನೆಯೊಡನೆ ಗುದ್ದಾಡಿದ್ದ ಸಂಚಾಲಕರು ಅವತ್ತು ಸೋತರು. ಒಂದೇ ಸಾಲು ಬರೆದರು: "ಅವರು ವಸಿಷ್ಠರ ಮನೆಯವರು."

ಸ್ವಾಗತಕಾರನಾಗಿ ಉತ್ತರ ಕೊಡುವುದು ನನ್ನ ಕರ್ತವ್ಯವಾಗಿತ್ತು. ಬರೆದೆ: "ಮಾನ್ಯರೇ, ಉತ್ತರ ಅಸ್ಪಷ್ಟವಾಗಿದೆ. ಯಾವ ಮನೆಯವರು? ದಯವಿಟ್ಟು ಹೆಸರು ಬರೆಯಿರಿ. ಅಲ್ಲಿಯವರೆಗೆ ಪರಿಚಯ ಅಪೂರ್ಣ."