ಗಾಡಿಗೆ ಎರಡು ಕೋಟು ಹಸಿರು

"ಈ ಶನಿವಾರ ಟಗರು ಪ್ರದರ್ಶನಕ್ಕೆ ನಮ್ಮ ಗಾಡಿ ತನ್ನ ನಾಲ್ಕೂ ಚಕ್ರದ ಮೇಲೆ ತಾನೇ ಹೋಗುತ್ತೆ! ಯಾರೂ ತಳ್ಳಲ್ಲ, ಯಾರೂ ಎಳೆಯಲ್ಲ. ಬರೆದಿಟ್ಕೋ ನೆರಿಸ್!" ಎಂದು ಗ್ವಿಲಿಮ್ ಪ್ರೊಥೆರೋ ಚಹಾದ ಲೋಟವನ್ನು ಮೇಜಿನ ಮೇಲೆ ಕುಟ್ಟಿದ.

"ಹೋದ ವರ್ಷ ಬರೆದಿಟ್ಟದ್ದೇ ಇದೆ. ತಾರೀಕು ತಿದ್ದಿದರೆ ಸಾಕು," ಎಂದಳು ಹೆಂಡತಿ.

ಗ್ವಿಲಿಮ್‌ನ ಸಿಟ್ಟಿಗೆ ಕಾರಣವಿತ್ತು. ವೇಲ್ಸ್‌ನ ಆ ಗುಡ್ಡದ ಊರಿನಲ್ಲಿ ಅರ್ಧ ಜನ ಜೋನ್ಸ್, ಇನ್ನರ್ಧ ಇವಾನ್ಸ್. ಗುರುತು ಹಿಡಿಯಲು ಊರವರು ಪ್ರತಿಯೊಬ್ಬರಿಗೂ ಒಂದೊಂದು ಅಡ್ಡಹೆಸರು ಅಂಟಿಸುತ್ತಿದ್ದರು. ಅಂಟಿತೋ, ಸಾಯುವವರೆಗೂ ಬಿಡುತ್ತಿರಲಿಲ್ಲ. ವೈರಿಂಗ್ ಕೆಲಸದ ನೆರಿಸಳ ತಮ್ಮ ಕರೆಂಟ್ ಹೆವಿನ್. ಚರ್ಚಿನಲ್ಲಿ ಬಗ್ಗಿದಾಗ ಪ್ಯಾಂಟು ಹರಿದುಕೊಂಡವನು ಹರಕು ಜೋನ್ಸ್. ಗ್ವಿಲಿಮ್‌ನ ಅಪ್ಪನೋ, ಯೌವನದಲ್ಲಿ ಒಮ್ಮೆ ಅಂಗಡಿಯಲ್ಲಿ ಅರ್ಧ ಮೊಟ್ಟೆ ಕೇಳಿದ ತಪ್ಪಿಗೆ ಐವತ್ತು ವರ್ಷ 'ಅರ್ಧಮೊಟ್ಟೆ'ಯಾಗಿ ಬಾಳಿ, ಹಾಗೇ ಮಣ್ಣಾದ. ಪಾದ್ರಿಯೂ ಶವಪೆಟ್ಟಿಗೆಯ ಮುಂದೆ ನಿಂತು ಗಂಭೀರವಾಗಿ, "ನಮ್ಮ ಪ್ರೀತಿಯ ಅರ್ಧಮೊಟ್ಟೆ" ಎಂದುಬಿಟ್ಟಿದ್ದರು! ಅವತ್ತೇ ಗ್ವಿಲಿಮ್ ಶಪಥ ಮಾಡಿದ್ದ, ನನಗೆ ಮಾತ್ರ ಯಾರೂ ಹೆಸರಿಡಕೂಡದು ಎಂದು. ಐವತ್ತನಾಲ್ಕು ವರ್ಷ ಪೂರ್ತಿ ಹೆಸರಿನಲ್ಲೇ ಬದುಕಿದ ಆ ಸೀಮೆಯ ಏಕೈಕ ಗಂಡಸು ಅವನು.

ಅಂಥ ಮಾನವನ್ನು ಈ ಹಳೇ ಪಿಕಪ್ ಗಾಡಿ ಹರಾಜಿಗಿಟ್ಟಿತ್ತು. ಬ್ರೇಕ್ ಒತ್ತಿದರೆ ವೈಪರ್ ಎದ್ದು ಕುಣಿಯುತ್ತಿತ್ತು. ಹೆಡ್‌ಲೈಟ್ ಹಾಕಿದರೆ ಹಾರ್ನ್ ಕೂಗುತ್ತಿತ್ತು. ಎಡಕ್ಕೆ ಹೊರಳುವ ದೀಪ ಹಾಕಿದರೆ ಹಿಂದಿನ ಅಷ್ಟೂ ದೀಪಗಳು ಒಟ್ಟಿಗೆ ಕಣ್ಣು ಹೊಡೆಯುತ್ತಿದ್ದವು. ಮಳೆ ಬಂದಾಗ ಮಾತ್ರ ವೈಪರ್ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ! ಮೂರು ಸಲ ಊರವರು ತಳ್ಳಿದ್ದರು. ಹೆಂಡದಂಗಡಿಯಲ್ಲಿ ಯಾರೋ ಆಗಲೇ 'ತಳ್ಳು ಗ್ವಿಲಿಮ್' ಎಂದು ನಾಲಿಗೆಯ ಮೇಲೆ ರುಚಿ ನೋಡಿದ್ದರಂತೆ.

"ಹೆವಿನ್‌ಗೆ ಒಂದು ಮಾತು ಹೇಳ್ಲಾ?"

"ನಿನ್ನ ತಮ್ಮನಿಗಾ? ಅವನು ಸ್ಕ್ರೂಡ್ರೈವರ್ ಹೊರಗೆ ತೆಗೆಯೋ ಮುಂಚೆ ಊರಿಗೆಲ್ಲ ಡಂಗುರ ಹೊಡೆದಿರ್ತಾನೆ. ಸುಮ್ನಿರು!"

ಹಾಗಾಗಿ ಗ್ವಿಲಿಮ್ ತಾನೇ ಗಾಡಿಯ ಹೊಟ್ಟೆ ಬಗೆದ. ಬ್ಯಾಟರಿ ಬದಲಾಯಿಸಿದ. ಫ್ಯೂಸುಗಳನ್ನೆಲ್ಲ ಬದಲಾಯಿಸಿದ. ವೈರು ಕಡಿಯಿತೆಂದು ನಾಯಿ ಮೋಟ್ ಮೇಲೆ ಆರೋಪ ಹೊರಿಸಿದ. ಅದು ಎರಡು ದಿನ ಅವನ ಕಡೆ ಬೆನ್ನು ಹಾಕಿ ಮಲಗಿತು. ಶುಕ್ರವಾರ ಮಧ್ಯಾಹ್ನ ಬಾನೆಟ್ಟಿನ ಕೆಳಗಿನ ಅಷ್ಟೂ ಬೋಲ್ಟು ಬಿಚ್ಚಿ, ಒರೆಸಿ, ಬಿಗಿದು ಕೀಲಿ ತಿರುಗಿಸಿದ. ಅದ್ಭುತ! ಎಲ್ಲವೂ ಹೇಳಿದ ಮಾತು ಕೇಳಿತು.

"ನೋಡಿದ್ಯಾ! ನಿನ್ನ ತಮ್ಮ ಬೇಕಿತ್ತಾ?"

"ಹೋದ ಸಲವೂ ಹೀಗೇ ಸರಿಹೋಗಿತ್ತು ಮಾರಾಯ. ಈಗ ಅದನ್ನ ಹಾಗೇ ಬಿಟ್ಟುಬಿಡು."

ಹಾಗೇ ಬಿಡುವುದೇ? ವರ್ಷಕ್ಕೆ ಮುನ್ನೂರು ದಿನ ಮಳೆ ಹೊಯ್ಯುವ ಗುಡ್ಡದಲ್ಲಿ ಬರಿಮೈ ಕಬ್ಬಿಣ ಬಿಟ್ಟವನು ಮರ್ಯಾದಸ್ಥನೇ? ಗ್ವಿಲಿಮ್ ಕೊಟ್ಟಿಗೆಯಿಂದ ಹಸಿರು ಬಣ್ಣದ ಡಬ್ಬಿ ತಂದ. ಹೊಲದ ಗೇಟುಗಳಿಗೆ ಬಳಿದು ಉಳಿದ ಬಣ್ಣ. ಅಪ್ಪ ಕಲಿಸಿದಂತೆ ಪ್ರತಿ ರಿಪೇರಿಯ ಕೊನೆಗೂ ಅದರದೇ ಅಭಿಷೇಕ. ಬೋಲ್ಟುಗಳನ್ನು ಇನ್ನೊಮ್ಮೆ ಬಿಚ್ಚಿ, ಕೆಳಗೆ, ಮೇಲೆ, ಸಂದುಗೊಂದುಗಳಲ್ಲಿ ಎರಡೆರಡು ಕೋಟು ಕೊಟ್ಟು ಬಿಗಿದ. ಪ್ರದರ್ಶನಕ್ಕೆ ಹೋಗುವ ಗಾಡಿ ಎಂದು ಬಂಪರಿಗೂ ಒಂದು ಕೈ ಬಳಿದ.

ಶನಿವಾರ ಬೆಳಿಗ್ಗೆ ಹಿಂದೆ ಟಗರು, ಪಕ್ಕದಲ್ಲಿ ನೆರಿಸ್. ಗಾಡಿ ದಿಬ್ಬಣದಂತೆ ಹೊರಟು ನಾಲ್ಕು ಮೈಲಿ ಮುದ್ದಾಗಿ ಓಡಿತು. ಪ್ರದರ್ಶನದ ಹೊಲಕ್ಕೆ ಇದ್ದದ್ದು ಒಂದೇ ಇಕ್ಕಟ್ಟು ಗೇಟು. ಸರಿಯಾಗಿ ಅದರ ನಡುವೆ ಗ್ವಿಲಿಮ್ ಬ್ರೇಕ್ ಒತ್ತಿದ. ವೈಪರ್ ಎದ್ದಿತು. ಹಾರ್ನ್ ಬಾಯಿ ತೆರೆಯಿತು. ಎಂಜಿನ್ ಪ್ರಾಣ ಬಿಟ್ಟಿತು. ಹಾರ್ನ್ ಬಾಯಿ ಮುಚ್ಚಲಿಲ್ಲ!

ಹಿಂದೆ ಇಪ್ಪತ್ತಮೂರು ಗಾಡಿಗಳು ಸಾಲುಗಟ್ಟಿದವು. ಧ್ವನಿವರ್ಧಕ ಗೊಗ್ಗರು ದನಿಯಲ್ಲಿ ಹೇಳಿತು: "ಗೇಟಿನಲ್ಲಿರೋ ಹಸಿರು ಗಾಡಿಯವರು ದಯವಿಟ್ಟು ಹಾರ್ನ್ ನಿಲ್ಲಿಸಿ. ನೀವು ಬಂದಿರೋದು ಎಲ್ಲರಿಗೂ ಗೊತ್ತಾಗಿದೆ."

"ಇದನ್ನ ಮಾಡಿದೋನಿಗೆ ನನ್ನ ಮೇಲೆ ಏನು ಹಗೆಯಿತ್ತೋ! ವೈರು ಜೋಡಿಸೋವಾಗ ಕಣ್ಣು ಮುಚ್ಕೊಂಡಿದ್ನಾ?" ಗ್ವಿಲಿಮ್ ಟೈರಿಗೆ ಒದ್ದ. ನೋವಾದದ್ದು ಟೈರಿಗಲ್ಲ.

ನೆರಿಸ್ ಇಳಿದು, ಸಾಲಿನ ಮೂರನೇ ಗಾಡಿಯಿಂದ ತಮ್ಮನನ್ನು ಕರೆತಂದಳು. ಹೆವಿನ್ ದ್ರಾಕ್ಷಿ ಬ್ರೆಡ್ಡು ಅಗಿಯುತ್ತಲೇ ಬಾನೆಟ್ಟಿನೊಳಗೆ ಬಗ್ಗಿದ. ಅಗಿಯುವುದು ನಿಂತಿತು.

"ಭಾವ, ಇಲ್ಲಿ ಬಣ್ಣ ಬಳಿದದ್ದು ಯಾರು?"

"ನಾನೇ! ಎರಡು ಕೋಟು!"

"ಈ ಬೋಲ್ಟಿನ ಕೆಳಗೂನಾ?"

"ತುಕ್ಕು ಹಿಡಿಯೋದು ಅಲ್ಲೇ ತಾನೇ!"

ಹೆವಿನ್ ಒಂದು ಕ್ಷಣ ಕಣ್ಣು ಮುಚ್ಚಿದ. "ಇದು ಅರ್ಥಿಂಗ್ ಬೋಲ್ಟು ಭಾವ. ಕರೆಂಟು ವಾಪಸ್ ಹೋಗೋ ದಾರಿ. ನೀನು ಆ ದಾರಿಗೆ ಬಣ್ಣದ ಗೇಟು ಜಡಿದಿದ್ದೀಯ. ಅದೇನು ಮಾಡ್ಬೇಕು ಪಾಪ? ಹಾರ್ನಿನ ಮನೆಗೋ ವೈಪರಿನ ಮನೆಗೋ ನುಗ್ಗಿ ಹೋಗುತ್ತೆ!"

ಬೋಲ್ಟು ಸಡಿಲಿಸಿ, ಜೇಬಿನ ಚಾಕುವಿನಿಂದ ನಾಲ್ಕು ಸಲ ಕೆರೆದು ಬಿಗಿದ, ಅಷ್ಟೇ. ಹಾರ್ನ್ ನಿಂತಿತು. ಹಾರ್ನಿಗಿಂತ ಜೋರಾಗಿ ಕೂಗಾಡಿದ್ದರಿಂದ ಇಪ್ಪತ್ತಮೂರು ಗಾಡಿಗಳ ಜನ ಮಾತು ಮಾತನ್ನೂ ಸ್ಪಷ್ಟವಾಗಿ ಕೇಳಿಸಿಕೊಂಡಿದ್ದರು.

ನೆರಿಸ್ ಚೀಲದಿಂದ ಪುಟ್ಟ ಡೈರಿ ತೆಗೆದಳು. "ಮಾರ್ಚ್ ಹನ್ನೊಂದು, ರಿಪೇರಿ, ಬಣ್ಣ. ಹನ್ನೆರಡು, ಕೆಟ್ಟಿತು. ಜೂನ್ ಆರು, ರಿಪೇರಿ, ಬಣ್ಣ. ಏಳು, ಕೆಟ್ಟಿತು."

"ಗೊತ್ತಿದ್ದೂ ಹೇಳ್ಲಿಲ್ವೇನೇ?"

"ಜೂನ್ ಎಂಟರಂದೇ ಹೇಳಿದ್ದೆ. ನೀನು 'ಬಣ್ಣಕ್ಕೂ ಕರೆಂಟಿಗೂ ಏನೇ ಸಂಬಂಧ' ಅಂದೆ. ಅದನ್ನೂ ಬರೆದಿದ್ದೀನಿ. ಓದ್ಲಾ?"

ಟಗರಿಗೆ ಮೂರನೇ ಬಹುಮಾನ ಬಂತು. ಯಾರೂ ಅದರ ಸುದ್ದಿ ಎತ್ತಲಿಲ್ಲ.

ಸೋಮವಾರ ಗ್ವಿಲಿಮ್ ಕುರಿ ಮೇವು ತರಿಸಲು ಪಕ್ಕದ ಪೇಟೆಯ ಅಂಗಡಿಗೆ ಫೋನ್ ಮಾಡಿದ. ಹೊಸದಾಗಿ ಬಂದಿದ್ದ ಹೆಂಗಸು ಎತ್ತಿದಳು.

"ನಾನು ಗ್ವಿಲಿಮ್ ಪ್ರೊಥೆರೋ."

"ಯಾವ ಪ್ರೊಥೆರೋ?"

"ಗುಡ್ಡದ ಮೇಲಿನ ಮನೆ."

"ಗೊತ್ತಾಗ್ಲಿಲ್ಲ ನೋಡಿ."

ಗ್ವಿಲಿಮ್ ಹಲ್ಲು ಕಚ್ಚಿದ. "ಅರ್ಧಮೊಟ್ಟೆಯ ಮಗ!"

"ಅವರಿಗೆ ಮಗ ಇದ್ದಾರಾ?"

ಕೊಟ್ಟಿಗೆಯಲ್ಲಿ ಕುರಿಗಳು ಹಸಿದು ಅರಚುತ್ತಿದ್ದವು. ಗ್ವಿಲಿಮ್ ಹಿಂದೆ ಮುಂದೆ ನೋಡಿ, ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ: "ಬಣ್ಣದ ಗ್ವಿಲಿಮ್."

"ಅಯ್ಯೋ, ಹಾಗನ್ನಿ ಮೊದಲೇ! ಪ್ರೊಥೆರೋ ಅಂದ್ರಲ್ಲ, ಯಾರೋ ಪರವೂರಿನವರು ಅಂದ್ಕೊಂಡೆ."